ಗಾಡಿ ಮಾರಿದರೂ ಹೆಸರು ನಮ್ಮದೇ

ಸಂಚಾರ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಘೋಷಿಸಿದಾಗಲೆಲ್ಲ ನಮ್ಮ ಹೊನ್ನವಳ್ಳಿಯ ಹುಡುಗರಿಗೆ ಹಬ್ಬ. 2023ರ ಫೆಬ್ರವರಿಯಲ್ಲಿ ಒಮ್ಮೆ ಕೊಟ್ಟರು, ಅದೇ ವರ್ಷ ಮತ್ತೆ ಕೊಟ್ಟರು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ಸುತ್ತು. ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕಿರುವ ನಮ್ಮ ಬೀದಿಯ ಹುಡುಗನೊಬ್ಬ ಊರಿಗೆ ಬಂದವನು, "ಎಂಟು ಸಾವಿರ ಇತ್ತಣ್ಣ, ನಾಲ್ಕಕ್ಕೆ ಚುಕ್ತಾ ಮಾಡ್ದೆ" ಅಂತ ಲಾಭ ಹೊಡೆದವನ ಹಾಗೆ ಹೇಳಿದ. ದಂಡ ಬಿದ್ದ ದಿನವೇ ಪೂರ್ತಿ ಕಟ್ಟಿದವನಿಗೆ ಏನೂ ಇಲ್ಲ, ಕಟ್ಟದೆ ಕೂತವನಿಗೆ ಅರ್ಧ. ಸೊಸೈಟಿ ಸಾಲದ ಬಡ್ಡಿ ಮನ್ನಾದಲ್ಲಿ ನಾವು ಎಷ್ಟೋ ಸಲ ನೋಡಿದ ಲೆಕ್ಕವೇ ಇದು. ಸರ್ಕಾರಕ್ಕೆ ಬಾಕಿ ವಸೂಲಾದರೆ ಸಾಕು, ಜನರಿಗೆ ಮುಂದಿನ ರಿಯಾಯಿತಿವರೆಗೆ ಕಾಯುವ ಅಭ್ಯಾಸ.

ಇರಲಿ, ದಂಡದ ಬಗ್ಗೆ ನನಗೆ ಅಷ್ಟು ತಲೆಬಿಸಿ ಇಲ್ಲ. ನಮ್ಮ ಕಡೆ ಇನ್ಶೂರೆನ್ಸ್ ಎಂದರೆ ಪೊಲೀಸರಿಗೆ ತೋರಿಸುವ ಒಂದು ಚೀಟಿ ಅಂತ ತಿಳಿದಿದ್ದಾರಲ್ಲ, ತಲೆಬಿಸಿ ಅದರದು. ತಿಪಟೂರಿಗೆ ಹೋಗುವಾಗ ಬೇಕು, ತೋಟಕ್ಕೆ ಹೋಗುವಾಗ ಬೇಡ. ಬಿ.ಎಚ್. ರಸ್ತೆ ಹತ್ತಿದರೆ ಬೇಕು, ಹತ್ತದಿದ್ದರೆ ಬೇಡ. ಈ ಲೆಕ್ಕಾಚಾರ ಮಾಡುವವರು ಬೇರೆ ವಿಷಯದಲ್ಲಿ ದಡ್ಡರೇನಲ್ಲ. ಕೊಬ್ಬರಿ ಅಟ್ಟದಿಂದ ಯಾವಾಗ ಇಳಿಸಬೇಕು, ಹರಾಜಿಗೆ ಯಾವಾಗ ಹಾಕಬೇಕು ಅಂತ ಕ್ವಿಂಟಾಲಿಗೆ ನೂರಿನ್ನೂರರ ವ್ಯತ್ಯಾಸಕ್ಕೂ ವಾರಗಟ್ಟಲೆ ಯೋಚಿಸುವವರು.

ನಮ್ಮ ಭಾವನೂ ಅಂಥವರೇ. ಅವರ ಹತ್ತಿರ 2014ರ ಎಕ್ಸೆಲ್ ಸೂಪರ್ ಇತ್ತು. ಎರಡು ಗೋಣಿಚೀಲ ಕಾಯಿ, ಮೇಲೊಂದು ಹುಲ್ಲಿನ ಹೊರೆ, ಹಿಂದೆ ನಮ್ಮಕ್ಕ, ಇಷ್ಟನ್ನೂ ಹೊತ್ತುಕೊಂಡು ತೋಟದ ಬದುವಿನ ಮೇಲೆ ಗುರ್ರೆನ್ನುತ್ತ ಹೋಗುತ್ತಿದ್ದ ಗಾಡಿ. ಹೊಸ ಬೈಕ್ ತಗೊಂಡಾಗ ಅದನ್ನು ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಕಾಯಿ ಸುಲಿಯುವವನಿಗೆ ಕೊಟ್ಟರು. ನಗದು ಎಣಿಸಿಕೊಂಡು, ಆರ್‌ಸಿ ಕಾರ್ಡು ಕೈಗಿತ್ತು, ಏಜೆಂಟ್ ತಂದಿದ್ದ ಫಾರಂ 29, 30ಕ್ಕೆ ಸಹಿ ಹಾಕಿದರು. ಅಲ್ಲಿಗೆ ಭಾವನ ಪಾಲಿಗೆ ವ್ಯವಹಾರ ಮುಗಿಯಿತು.

ಮುಗಿದಿರಲಿಲ್ಲ. ತುಮಕೂರಿನ ಸಿಗ್ನಲ್ಲೊಂದರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿ, ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ದಂಡ ಅಂತ ಭಾವನ ಮೊಬೈಲಿಗೆ ಮೆಸೇಜ್ ಬಂತು. ಭಾವ ಆ ವಾರ ಊರು ಬಿಟ್ಟು ಹೋಗಿರಲಿಲ್ಲ. ಮೆಸೇಜಿನ ಲಿಂಕ್ ಒತ್ತಿದರೆ ಫೋಟೋ. ಗಾಡಿ ಅದೇ, ಕೆಎ-44 ನಂಬರ್ ಅದೇ, ಹಿಂದಿನ ಮಡ್‌ಗಾರ್ಡಿಗೆ ನಮ್ಮ ಅಳಿಯ ಅಂಟಿಸಿದ್ದ ಅಪ್ಪು ಸ್ಟಿಕ್ಕರ್ ಕೂಡ ಹಾಗೇ ಇದೆ. ಓಡಿಸುವವನು ಮಾತ್ರ ಬೇರೆ, ತಲೆಗೆ ಟವೆಲ್ಲು.

"ಐನೂರು ತಾನೆ ಬಿಡಪ್ಪ, ಅವನ ಹತ್ರ ಇಸ್ಕೊಂಡ್ರಾಯ್ತು" ಅಂದರು ಭಾವ.

ನಾನು ಪರಿವಾಹನ್ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರು ಭಾವನದೇ. ಇನ್ಶೂರೆನ್ಸ್ ಅವಧಿ ಹಿಂದಿನ ವರ್ಷವೇ ಮುಗಿದಿದೆ. ದಂಡ ಮರೆತು ನಾನು ಆ ಎರಡನೇ ಸಾಲನ್ನೇ ನೋಡುತ್ತ ಕೂತೆ.

ಯಾಕೆಂದರೆ ಕಾನೂನು ಮಾಲೀಕ ಅಂತ ಕರೆಯುವುದು ಆರ್‌ಸಿಯಲ್ಲಿ ಹೆಸರಿರುವವನನ್ನು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಹಲವು ಕೈ ದಾಟಿದ ಕಾರು, ವಿಮೆ ಇಲ್ಲ, ಅಪಘಾತ ಆಯ್ತು. ಮಾರಿ ಎಷ್ಟೋ ಕಾಲವಾಗಿದೆ, ನನಗೂ ಅದಕ್ಕೂ ಸಂಬಂಧ ಇಲ್ಲ ಎಂದು ಮೊದಲನೆಯವನು ಹೇಳಿದ. ನೋಂದಣಿ ಪುಸ್ತಕದಲ್ಲಿ ಇನ್ನೂ ನಿನ್ನ ಹೆಸರೇ ಇದೆಯಲ್ಲ, ಪರಿಹಾರ ನೀನೇ ಕೊಡು ಎಂದಿತು ಕೋರ್ಟ್. ನಾಲ್ಕು ಕೈ ಬದಲಾದ ಗಾಡಿಯಲ್ಲಿ ಗಾಯಾಳು ಯಾರ್ಯಾರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ನ್ಯಾಯಾಲಯದ ಕಾಳಜಿ. ನನಗೆ ಆ ತೀರ್ಪು ಸರಿ ಎನ್ನಿಸುತ್ತದೆ, ನಮ್ಮ ಭಾವನಿಗೆ ಎಷ್ಟೇ ಕಷ್ಟವಾದರೂ.

ಕಷ್ಟ ಎಷ್ಟು ಎಂಬುದನ್ನು ಭಾವನ ಮುಂದೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಆ ಎಕ್ಸೆಲ್ ಯಾರಿಗೋ ಗುದ್ದಿತು, ಸತ್ತವನು 30 ವರ್ಷದ ಕೂಲಿಯವನು ಎಂದುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು. ತಿಂಗಳ ದುಡಿಮೆ 15,000 ರೂಪಾಯಿ. ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳ ಸೂತ್ರ ಹಿಡಿದು ಲೆಕ್ಕ ಹಾಕುತ್ತವೆ. ಸ್ವಂತ ದುಡಿಮೆಯವನು 40 ವರ್ಷದೊಳಗಿದ್ದರೆ ಮುಂದೆ ಹೆಚ್ಚಬಹುದಾದ ಆದಾಯ ಅಂತ ಶೇ 40 ಸೇರಿಸಬೇಕು, 21,000 ಆಯಿತು. ಅವನ ಸ್ವಂತ ಖರ್ಚು ಅಂತ ಮೂರರಲ್ಲಿ ಒಂದು ಪಾಲು ಕಳೆದರೆ 14,000. ವರ್ಷಕ್ಕೆ 1,68,000. 26ರಿಂದ 30ರ ವಯಸ್ಸಿಗೆ 17ರಿಂದ ಗುಣಿಸಬೇಕು. 28,56,000 ರೂಪಾಯಿ. ಅಂತ್ಯಕ್ರಿಯೆ ವೆಚ್ಚ ಮುಂತಾದವು ಬೇರೆ, ಬಡ್ಡಿ ಬೇರೆ.

ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಉಂಡೆ ಕೊಬ್ಬರಿಗೆ ಕೇಂದ್ರದ 2025ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ಆ ಬೆಲೆಯಲ್ಲಿ ಇದು 236 ಕ್ವಿಂಟಾಲ್ ಕೊಬ್ಬರಿ. ಕಟ್ಟದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದರು. ಮೋಟಾರು ವಾಹನ ಕಾಯ್ದೆಯ 174ನೇ ಸೆಕ್ಷನ್‌ನಲ್ಲಿ ಉತ್ತರವಿದೆ. ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಬರೆದರೆ ಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬಹುದು. ಅಂದರೆ ಪಹಣಿಯಲ್ಲಿರುವ ತೋಟಕ್ಕೇ ಬರುತ್ತದೆ.

ಇದನ್ನೆಲ್ಲ ತಡೆಯಲು ಬೇಕಾದ ಹಣ ಎಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75 ಸಿಸಿಯೊಳಗಿನ ಗಾಡಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 538 ರೂಪಾಯಿ. ಹಳೇ ಎಕ್ಸೆಲ್ ಸೂಪರ್ 69.9 ಸಿಸಿ, ಈ ಗುಂಪಿಗೇ ಸೇರುತ್ತದೆ. ಶೇ 18 ಜಿಎಸ್‌ಟಿ ಸೇರಿ 635. ಈಗಿನ ಎಕ್ಸೆಲ್ 100 ಮತ್ತು ಸಾಮಾನ್ಯ ಬೈಕುಗಳು 150 ಸಿಸಿವರೆಗಿನ ಗುಂಪಿನವು, 714 ರೂಪಾಯಿ, ಜಿಎಸ್‌ಟಿ ಸೇರಿ 843. ಓಡಿಸುವ ಮಾಲೀಕನ ಸ್ವಂತ ಅಪಘಾತ ವಿಮೆ ಸೇರಿಸಿದರೆ ಇನ್ನಷ್ಟು ಆಗುತ್ತದೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ ಮೊದಲ ಸಲಕ್ಕೆ 2,000 ದಂಡ, ಮೂರು ತಿಂಗಳ ಜೈಲೂ ಆಗಬಹುದು. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಇಳಿಸಿದ ದರದಲ್ಲಿ ದ್ವಿಚಕ್ರಕ್ಕೆ 1,000. ಜನ ಈ ಸಾವಿರವನ್ನು ಪ್ರೀಮಿಯಂ ಪಕ್ಕದಲ್ಲಿಟ್ಟು ತೂಗುತ್ತಾರೆ. ಹೆಚ್ಚುಕಡಿಮೆ ಒಂದೇ, ಸಿಕ್ಕಿಬಿದ್ದರೆ ನೋಡಿಕೊಂಡರಾಯಿತು ಅಂತ. ಪಕ್ಕದಲ್ಲಿಡಬೇಕಾದ್ದು ಆ 28 ಲಕ್ಷ. ದೇಶದ ಅರ್ಧಕ್ಕಿಂತ ಹೆಚ್ಚು ವಾಹನ ವಿಮೆ ಇಲ್ಲದೆ ಓಡುತ್ತಿವೆ, ಅದರಲ್ಲಿ ದ್ವಿಚಕ್ರಗಳೇ ಹೆಚ್ಚು. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಡ್ಡಾಯವಾಗಿರುವುದು ಸುಪ್ರೀಂ ಕೋರ್ಟಿನಿಂದಾಗಿ. ಒಳ್ಳೆಯದೇ ಆಯಿತು, ಆದರೆ ಐದು ವರ್ಷದಲ್ಲಿ ಜನ ವಿಮೆ ಎಂಬುದೊಂದಿದೆ ಎಂಬುದನ್ನೇ ಮರೆಯುತ್ತಾರೆ. ಆರನೇ ವರ್ಷ ನೆನಪಿಸುವುದಕ್ಕೆ ಷೋರೂಮಿನವರು ಇರುವುದಿಲ್ಲ.

ವಿಮೆ ಇದ್ದವರದ್ದೂ ಒಂದು ಕಷ್ಟ, ತೋರಿಸುವುದು. ಕೊಬ್ಬರಿ ಬಿಲ್ಲಿನ ಹಣಕ್ಕೆ ತಿಪಟೂರಿಗೆ ಹೊರಟಿದ್ದಾಗ ನನ್ನನ್ನೂ ತಡೆದರು. ಡಿಜಿಲಾಕರ್ ತೆಗೆದು ತೋರಿಸಿದೆ, ಆ ಹುಡುಗ ಪೊಲೀಸಪ್ಪ ನೋಡಿ "ಹೋಗಿ ಸಾರ್" ಅಂದ. ನನ್ನ ಹಿಂದಿದ್ದವರ ಬಳಿ ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ್ದ ಪಿಡಿಎಫ್ ಇತ್ತು. ಪೊಲೀಸರ ಕೈಯ ಯಂತ್ರದಲ್ಲಿ ನಂಬರ್ ಹೊಡೆದರೆ ಅವಧಿ ಮುಗಿದಿದೆ ಅಂತ ಬರುತ್ತಿದೆ. "ದುಡ್ಡು ಕಟ್ಟಿದೀನಿ ಕಣ್ರೀ, ಇಲ್ನೋಡಿ ಸೀಲು" ಅಂತ ಅವರು, "ಸಿಸ್ಟಮ್ಮಲ್ಲಿ ಇಲ್ವಲ್ಲ ಯಜಮಾನ್ರೇ" ಅಂತ ಇವರು. ಪಾಲಿಸಿಯಲ್ಲಿ ಚಾಸಿ ನಂಬರಿನ ಒಂದಕ್ಷರ ತಪ್ಪಿದರೂ ಹೀಗಾಗುತ್ತದೆ, ಪಾಲಿಸಿಯೇ ನಕಲಿಯಾದರೂ ಹೀಗೇ ಆಗುತ್ತದೆ. ಹಾಗಾಗಿ ನವೀಕರಿಸಿದ ಒಂದು ವಾರಕ್ಕೆ ಎಂ-ಪರಿವಾಹನ್‌ನಲ್ಲಿ ಹೊಸ ತಾರೀಕು ಬಂದಿದೆಯೇ ಅಂತ ನಾನು ನೋಡುತ್ತೇನೆ. ಬರದಿದ್ದರೆ ಏಜೆಂಟನ್ನು ಬಿಟ್ಟು ಕಂಪನಿಗೇ ಫೋನ್.

ಡಿಜಿಲಾಕರ್, ಎಂ-ಪರಿವಾಹನ್‌ನ ದಾಖಲೆಗೂ ಕಾಗದಕ್ಕೂ ಒಂದೇ ಬೆಲೆ ಎಂದು 2018ರಲ್ಲೇ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿ ಆಗಿದೆ. ಕೈಯಲ್ಲಿ ಏನೂ ಇಲ್ಲದಿದ್ದರೂ, ನಿಜಕ್ಕೂ ವಿಮೆ ಇದ್ದವರು ಹೆದರಬೇಕಿಲ್ಲ. ಕೇಳಿದ ದಿನದಿಂದ 7 ದಿನದೊಳಗೆ ತಾವು ಹೇಳಿದ ಠಾಣೆಯಲ್ಲಿ ಪ್ರಮಾಣಪತ್ರ ಹಾಜರುಪಡಿಸಿದರೆ, ತೋರಿಸಲಿಲ್ಲ ಎಂಬ ಕಾರಣಕ್ಕೆ ಶಿಕ್ಷೆ ಇಲ್ಲ ಎಂದು ಕಾಯ್ದೆಯ 158ನೇ ಸೆಕ್ಷನ್ ಹೇಳುತ್ತದೆ. ವಿಮೆ ಇಲ್ಲದಿರುವುದು ಬೇರೆ, ಚೀಟಿ ಮನೆಯಲ್ಲಿ ಮರೆತಿರುವುದು ಬೇರೆ. ರಸ್ತೆ ಪಕ್ಕದಲ್ಲಿ ಈ ಸೆಕ್ಷನ್ ಹೇಳಿ ವಾದಕ್ಕಿಳಿಯುವ ಧೈರ್ಯ ನನಗಂತೂ ಇಲ್ಲ. ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಜೆರಾಕ್ಸ್ ಇಟ್ಟಿದ್ದೇನೆ. ತೋಟಗಳ ನಡುವೆ ನೆಟ್‌ವರ್ಕ್ ಎಷ್ಟು ಬರುತ್ತದೆ ಅಂತ ನಮಗೆ ಗೊತ್ತಿಲ್ಲವೇ.

ಥರ್ಡ್ ಪಾರ್ಟಿ ಮಾತ್ರದ ಪಾಲಿಸಿ ಇದ್ದರೆ ಎಲ್ಲ ಆಯಿತು ಅಂತಲೂ ಅಲ್ಲ. ಹಿಂದೆ ಕೂತವರು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿಯಲ್ಲಿ ಬರುತ್ತಾರೆ. ಹೆಂಡತಿಯನ್ನೋ ತಾಯಿಯನ್ನೋ ದಿನಾ ಹಿಂದೆ ಕೂರಿಸಿಕೊಂಡು ಹೋಗುವವರು ಪ್ಯಾಕೇಜ್ ಪಾಲಿಸಿ ಮಾಡಿಸುವುದೇ ಮೇಲು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟು ಅಪಘಾತವಾದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟರೂ ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಪಿಯುಸಿ ಹುಡುಗರಿಗೆ ಬೈಕ್ ಕೊಡುವ ಅಪ್ಪಂದಿರ ಮಾತು ಹೇಳುವುದೇ ಬೇಡ, 2019ರ ತಿದ್ದುಪಡಿ ಅವರಿಗೇ ಅಂತ 25,000 ರೂಪಾಯಿ ದಂಡ ಇಟ್ಟಿದೆ.

ಕ್ಯಾಲೆಂಡರ್ ಹಾಳೆಯ ಲೆಕ್ಕ ನೋಡಿದ ಮರುದಿನವೇ ಭಾವ, ನಾನು ಚಿಕ್ಕನಾಯಕನಹಳ್ಳಿ ಕಡೆ ಹೊರಟೆವು. ಎಕ್ಸೆಲ್ ಕೊಂಡವನು ಒಂದು ತೋಟದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ಮೂರು ತಿರುವಿಗೆ ಮಟ್ಟೆ ಬಿಡಿಸಿ ಎಸೆಯುತ್ತ ನಿಂತಿದ್ದ. ನಾವು ಬಂದಿದ್ದಕ್ಕೆ ಕಾಯಿ ಕೆಳಗಿಡಲಿಲ್ಲ, ಕಾಯಿ ಲೆಕ್ಕದ ಕೂಲಿ. "ಟ್ರಾನ್ಸ್‌ಫರ್ ಮಾಡ್ಸಾಣ ಅಂತಾನೇ ಇದ್ದೆ ಯಜಮಾನ್ರೇ, ಏಜೆಂಟು ಮೂರು ಸಾವ್ರ ಕೇಳ್ತಾನೆ." ಮೂರು ಸಾವಿರ ಅವನಿಗೆ ಎಷ್ಟು ಕಾಯಿ ಅಂತ ಅವನೇ ಲೆಕ್ಕ ಹೇಳಿದ. ಕೂಲಿ ಬಿಟ್ಟು ತಿಪಟೂರಿನ ಆರ್‌ಟಿಓ ಕಚೇರಿಗೆ ಬರಬೇಕೆಂದರೆ ಆ ದಿನದ್ದೂ ಹೋಯಿತು. ಈ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ. ದ್ವಿಚಕ್ರದ ವರ್ಗಾವಣೆ ಶುಲ್ಕ 150 ರೂಪಾಯಿ. ಅದು ಮೂರು ಸಾವಿರವಾಗುವುದು ಆನ್‌ಲೈನ್ ಅರ್ಜಿ ತುಂಬಲು ಬಾರದವನ ಕೈಯಲ್ಲಿ. ಅರ್ಜಿ ನಾನೇ ತುಂಬುತ್ತೇನೆ ಎಂದೆ.

ಆದರೆ ವರ್ಗಾವಣೆಗೆ ಮೊದಲು ಚಾಲ್ತಿ ವಿಮೆ ಬೇಕು, ಎಮಿಷನ್ ಬೇಕು, 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದ್ದರಿಂದ ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇಕು. ಯಾರು ಕೊಡಬೇಕು? ತೋಟದಲ್ಲೇ ನಿಂತು ಪಂಚಾಯ್ತಿ ಆಯಿತು. ಇನ್ಶೂರೆನ್ಸ್ ಭಾವನದು, ಪ್ಲೇಟು ಅವನದು. ಐನೂರರ ದಂಡ ಅವನದೇ ಅಂತ ಭಾವ ಹಟ ಹಿಡಿದರು. "ಅರ್ಧಕ್ಕೆ ಬಿಡ್ತಾರಂತಲ್ಲಣ್ಣ, ಕಾಯಾಣ" ಅಂದ ಅವನು. ಸಾಲದಲ್ಲಿ ಪಳಗಿದ ನಮ್ಮ ಭಾವನಿಗೇ ಈ ಬುದ್ಧಿ ಹೊಳೆದಿರಲಿಲ್ಲ. ಬಾಕಿ ಇಟ್ಟುಕೊಂಡು ಕಚೇರಿಗೆ ಹೋಗಿ ವಾಪಸ್ ಬರುವುದು ಬೇಡವೆಂದು ಅಲ್ಲೇ ನನ್ನ ಮೊಬೈಲಿನಿಂದ ಪೂರ್ತಿ ಕಟ್ಟಿದೆ. ಅವನು ಸಂಜೆ ಬಟವಾಡೆಯಾದ ಮೇಲೆ ಇನ್ನೂರೈವತ್ತು ಕೊಟ್ಟ, ಉಳಿದದ್ದು ಭಾವ ಕೊಟ್ಟರು.

ಆರ್‌ಸಿ ಅವನ ಹೆಸರಿಗೆ ಆಯಿತು. ಕಾರ್ಡ್ ಬಂದ ದಿನ ಭಾವ ಫೋನ್ ಮಾಡಿ, "ಟ್ರ್ಯಾಕ್ಟರ್‌ದು ಇನ್ಸೂರೆನ್ಸ್ ಐತೆ ಕಣಪ್ಪ. ಟ್ರೈಲರ್‌ಗೂ ಬೇರೆ ಮಾಡಿಸ್ಬೇಕಾ?" ಎಂದು ಕೇಳಿದರು. ಮಾಡಿಸಬೇಕು, ಕಾಯ್ದೆಯ ಲೆಕ್ಕದಲ್ಲಿ ಅದು ಬೇರೆಯೇ ವಾಹನ, ನಂಬರ್ ಹೇಳಿ ನೋಡ್ತೀನಿ ಎಂದೆ.

"ಅದಕ್ಕೆ ನಂಬರ್ರೇ ಇಲ್ವಲ್ಲಪ್ಪ" ಎಂದರು ಭಾವ.