ಹಾಡಿನ ಸ್ಪರ್ಧೆ ದೊಡ್ಡದಾದಾಗ

ಕಳೆದ ವರ್ಷ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಪಿಯು ಕಾಲೇಜುಗಳಿಗೆ ಸೇರಿಸಿ ಒಂದು ಗಾಯನ ಸ್ಪರ್ಧೆ ನಡೆಯಿತು. ಸಂಖ್ಯಾಶಾಸ್ತ್ರ ಪಾಠ ಮಾಡುವವಳು ಎಂಬ ಕಾರಣಕ್ಕೆ ಅಂಕ ಕೂಡುವ ಕೆಲಸ ನನ್ನ ಪಾಲಿಗೆ ಬಂತು. "ಕೂಡೋದು ತಾನೆ ಮೇಡಂ, ಐದು ನಿಮಿಷದ ಕೆಲಸ" ಎಂದರು ಸಂಘಟಕರು. ಕೂಡಿದೆ. ತಪ್ಪಿಲ್ಲದೆ ಕೂಡಿದೆ. ಆದರೂ ಆ ಫಲಿತಾಂಶ ಸರಿಯಿತ್ತೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಈ ಸಲ ಸ್ಪರ್ಧೆ ನಡೆಸುವ ಸರದಿ ನಮ್ಮ ಕಾಲೇಜಿನದು. ಸ್ವಯಂಸೇವಕರಾಗಿ ಹೆಸರು ಕೊಟ್ಟವರೂ ಹಾಡಲು ಹೆಸರು ಕೊಟ್ಟವರೂ ಇದನ್ನು ಒಮ್ಮೆ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಹಾಡಿನ ಸ್ಪರ್ಧೆ ಎಂದರೆ ನಮಗೆಲ್ಲ ನೆನಪಾಗುವುದು ಟಿವಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ 'ಎದೆ ತುಂಬಿ ಹಾಡುವೆನು' ನಿಮ್ಮ ಅಕ್ಕ ಅಣ್ಣಂದಿರ ಕಾಲದ್ದು, 'ಸರಿಗಮಪ' ನಿಮ್ಮದು. ನಮ್ಮ ಊರಿಗೂ ಆ ವೇದಿಕೆಗೂ ನಂಟಿದೆ. ಮಧುಗಿರಿಯ ದಂಡಿನ ಮಾರಮ್ಮನ ಗುಡಿಯ ಮುಂದೆ ಹಾಡುತ್ತಿದ್ದ ಅಂಧ ಸಹೋದರಿಯರಾದ ರತ್ನಮ್ಮ ಮತ್ತು ಮಂಜಮ್ಮ 2020ರಲ್ಲಿ ಜೀ ಕನ್ನಡದ ಸರಿಗಮಪದಲ್ಲಿ ಹಾಡಿದರು. ನಟ ಜಗ್ಗೇಶ್ ಅವರಿಗೆ ಮನೆ ಕಟ್ಟಿಸಿಕೊಟ್ಟ ಸುದ್ದಿಯನ್ನೂ ನೀವು ಓದಿರುತ್ತೀರಿ. ಅವರನ್ನು ಟಿವಿಯಲ್ಲಿ ನೋಡುವಾಗ ನನಗೆ ಹೊಳೆದದ್ದು ಬೇರೆ. ಆ ಬಣ್ಣಬಣ್ಣದ ಲೈಟು, ಹಿಂದಿನ ದೊಡ್ಡ ಪರದೆ, ಹೊಗೆ, ಇವೆಲ್ಲ ಇದ್ದದ್ದು ನಮಗಾಗಿ. ಹಾಡುವ ಅವರಿಗೆ ವೇದಿಕೆ ಎಂದರೆ ಕಾಲ ಕೆಳಗಿನ ನೆಲ, ಕೈಯಲ್ಲಿನ ಮೈಕು, ಮತ್ತು ಕಿವಿಗೆ ವಾಪಸು ಬರುವ ಸದ್ದು. ಗುಡಿಯ ಮುಂದೆ ಹಾಡಿದರೂ ಸ್ಟುಡಿಯೊದಲ್ಲಿ ಹಾಡಿದರೂ ಹಾಡುಗಾರನಿಗೆ ಬೇಕಾದದ್ದು ಈ ಮೂರೇ. ಸ್ಪರ್ಧೆ ದೊಡ್ಡದಾಗುತ್ತಾ ಹೋದಂತೆ ಸಂಘಟಕರು ಮೊದಲು ಮರೆಯುವುದೂ ಈ ಮೂರನ್ನೇ.

ಈಗ ಪ್ರಪಂಚದ ಅತಿ ದೊಡ್ಡ ಟಿವಿ ಹಾಡಿನ ಸ್ಪರ್ಧೆಯ ಕಡೆ ಬರೋಣ. ಅದರ ಹೆಸರು ಯೂರೋವಿಷನ್. ಯುರೋಪಿನ ದೇಶಗಳ ಟಿವಿ ಸಂಸ್ಥೆಗಳು ಸೇರಿ ನಡೆಸುವ ಸ್ಪರ್ಧೆ. ಒಂದು ದೇಶಕ್ಕೆ ಒಂದು ಹಾಡು. ಶುರುವಾದದ್ದು 1956ರ ಮೇ 24ರಂದು, ಸ್ವಿಟ್ಜರ್ಲೆಂಡಿನ ಲುಗಾನೊ ಊರಿನ ಒಂದು ರಂಗಮಂದಿರದಲ್ಲಿ. ಅಂದು ಬಂದಿದ್ದು 7 ದೇಶ, ಒಬ್ಬೊಬ್ಬರಿಗೂ ಎರಡು ಹಾಡು, ಒಟ್ಟು 14 ಹಾಡು. ಗೆದ್ದದ್ದು ಸ್ವಿಟ್ಜರ್ಲೆಂಡಿನ ಲಿಸ್ ಆಸಿಯಾ. ಆಗ ಯುರೋಪಿನಲ್ಲೂ ಟಿವಿ ಇದ್ದ ಮನೆ ಕಡಿಮೆ. ಹೆಚ್ಚಿನವರು ಕೇಳಿದ್ದು ರೇಡಿಯೊದಲ್ಲಿ. ಸ್ಪುಟ್ನಿಕ್ ಹಾರಿದ್ದು 1957ರಲ್ಲಿ, ಅಂದರೆ ಆಗ ಉಪಗ್ರಹವೇ ಇರಲಿಲ್ಲ. ನೆಲದ ಮೇಲಿನ ಗೋಪುರದಿಂದ ಗೋಪುರಕ್ಕೆ ಸಂಕೇತ ದಾಟಿಸುತ್ತಾ ಹಲವು ದೇಶಗಳಿಗೆ ಒಂದೇ ಹೊತ್ತಿಗೆ ನೇರಪ್ರಸಾರ ಮಾಡಲಾಗುತ್ತದೆಯೇ ಎಂದು ಪರೀಕ್ಷಿಸುವುದೂ ಸ್ಪರ್ಧೆಯ ಒಂದು ಉದ್ದೇಶವಾಗಿತ್ತು. 2008ರ ಹೊತ್ತಿಗೆ 43 ದೇಶಗಳಾದವು. ಈಚಿನ ವರ್ಷಗಳಲ್ಲಿ ನೋಡುವವರು 16 ಕೋಟಿಗೂ ಮಿಕ್ಕಿ ಎಂದು ಸಂಘಟಕರೇ ಹೇಳುತ್ತಾರೆ.

7 ರಿಂದ 43 ಎಂದರೆ ಆರು ಪಟ್ಟು. ಕೆಲಸವೂ ಆರು ಪಟ್ಟು ಹೆಚ್ಚಿತು ಎಂದುಕೊಂಡಿರಾ? ಇಲ್ಲೇ ನನ್ನ ವಿಷಯ ಶುರುವಾಗುವುದು. ಪ್ರತಿ ದೇಶವೂ ತನ್ನದನ್ನು ಬಿಟ್ಟು ಉಳಿದ ಎಲ್ಲ ದೇಶದ ಹಾಡನ್ನು ತೂಗಬೇಕು ಎನ್ನಿ. 7 ದೇಶವಿದ್ದರೆ 7×6, ಅಂದರೆ 42 ತೂಗಾಟ. 43 ದೇಶವಿದ್ದರೆ 43×42, ಅಂದರೆ 1,806. ಜನ ಆರು ಪಟ್ಟು, ತೂಗಾಟ ನಲವತ್ಮೂರು ಪಟ್ಟು. ಇದೇ ಕಾರಣಕ್ಕೆ ಎಲ್ಲರನ್ನೂ ಒಂದೇ ರಾತ್ರಿ ಹಾಡಿಸುವುದನ್ನು ಬಿಟ್ಟು 2004ರಲ್ಲಿ ಸೆಮಿಫೈನಲ್ ತಂದರು. ಅದೂ ಸಾಲದೆ 2008ರಿಂದ ಎರಡು ಸೆಮಿಫೈನಲ್.

ಫಲಿತಾಂಶ ಓದುವುದರಲ್ಲೂ ಇದೇ ಕಷ್ಟ. ಒಂದೊಂದು ದೇಶ ಹತ್ತು ಹಾಡಿಗೆ ಅಂಕ ಕೊಡುತ್ತದೆ. 43 ದೇಶ ಹತ್ತತ್ತು ಹೆಸರು ಓದಿದರೆ 430 ಹೆಸರು. ಒಂದು ಹೆಸರಿಗೆ 4 ಸೆಕೆಂಡ್ ಎಂದರೂ ಹತ್ತಿರ ಹತ್ತಿರ 29 ನಿಮಿಷ. ಅದಕ್ಕೆ 2006ರಿಂದ ಮೇಲಿನ ಮೂರು ಅಂಕಗಳನ್ನು ಮಾತ್ರ ಬಾಯಲ್ಲಿ ಹೇಳಿಸಿ, ಉಳಿದವನ್ನು ಪರದೆಯ ಮೇಲೆ ತಾನಾಗಿ ತೋರಿಸಿದರು: 129 ಹೆಸರು, 9 ನಿಮಿಷಕ್ಕಿಂತ ಕಡಿಮೆ. 2016ರಿಂದ 12 ಅಂಕವನ್ನಷ್ಟೇ ಹೇಳುತ್ತಾರೆ. ನಮ್ಮ ಸ್ಪರ್ಧೆಗಳಲ್ಲಿ ಸಮಾಧಾನಕರ ಬಹುಮಾನದಿಂದ ಹಿಡಿದು ಎಲ್ಲವನ್ನೂ ಅತಿಥಿಗಳ ಕೈಯಲ್ಲಿ, ಅತಿಥಿಗಳ ಪರಿಚಯ ಸಮೇತ ಓದಿಸುತ್ತೇವಲ್ಲ, ಅದು ಬೇರೆಯದೇ ಲೆಕ್ಕ.

ಕಳೆದ ವರ್ಷದ ದಿನವನ್ನು ನೆನಪಿಸಿಕೊಳ್ಳಿ, ಹೋಗಿದ್ದವರು. 22 ಹಾಡು. ಒಂದಕ್ಕೆ 4 ನಿಮಿಷ ಎಂದು ಸುತ್ತೋಲೆಯಲ್ಲಿತ್ತು. 22×4 ಎಂದರೆ 88 ನಿಮಿಷ, ಊಟದೊಳಗೆ ಮುಗಿಯಬೇಕಿತ್ತು. ಮುಗಿದದ್ದು ಸಂಜೆ ಐದಕ್ಕೆ. ಸಮಯ ತಿಂದದ್ದು ಹಾಡಲ್ಲ, ಹಾಡು ಹಾಡಿನ ನಡುವಿನ ಹೊತ್ತು. ಒಬ್ಬನ ಪೆನ್‌ಡ್ರೈವ್ ಓಪನ್ ಆಗಲಿಲ್ಲ. ಇನ್ನೊಬ್ಬಳ ಹಾರ್ಮೋನಿಯಂ ಎರಡನೆಯ ಮಹಡಿಯಿಂದ ಬರಬೇಕಿತ್ತು. ಮೈಕ್ ಸ್ಟ್ಯಾಂಡ್ ಎತ್ತರ ಸರಿಮಾಡಲು ಪ್ರತಿ ಸಲವೂ ಒಬ್ಬರು ಓಡಿ ಬರಬೇಕು. ಪಾವಗಡದ ಮಕ್ಕಳು ಕೊನೆಗೆ ಹಾಡಿದರು. ಅಷ್ಟರಲ್ಲಿ ಸಭಾಂಗಣ ಮುಕ್ಕಾಲು ಖಾಲಿ, ಅವರಿಗೋ ಊರಿಗೆ ಹೋಗುವ ಬಸ್ಸಿನದೇ ಚಿಂತೆ. ಬೆಳಿಗ್ಗೆ ತುಂಬಿದ ಸಭೆಗೆ ಹಾಡಿದ ಹುಡುಗಿಯೂ ಸಂಜೆ ಖಾಲಿ ಕುರ್ಚಿಗೆ ಹಾಡಿದ ಹುಡುಗನೂ ಒಂದೇ ಸ್ಪರ್ಧೆಯಲ್ಲಿದ್ದರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಯೂರೋವಿಷನ್‌ನಲ್ಲಿ ಹಾಡು 3 ನಿಮಿಷ ಮೀರುವಂತಿಲ್ಲ. ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಎರಡು ಹಾಡಿನ ನಡುವೆ ಟಿವಿಯಲ್ಲಿ ಒಂದು ಪುಟ್ಟ ಚಿತ್ರ ತೋರಿಸುತ್ತಾರೆ, ಸುಮಾರು 40 ಸೆಕೆಂಡಿನದು. ಅದನ್ನು ಅಂಚೆಕಾರ್ಡು ಎಂದೇ ಕರೆಯುತ್ತಾರೆ. ನಾವು ಆ ಚಿತ್ರ ನೋಡುತ್ತಿರುವಾಗ ಕತ್ತಲೆಯಲ್ಲಿ ಹಳೆಯ ಸಾಮಾನು ಒಂದು ಕಡೆಯಿಂದ ಹೋಗಿ ಹೊಸದು ಇನ್ನೊಂದು ಕಡೆಯಿಂದ ಬಂದಿರುತ್ತದೆ. ಯಾರು ಏನನ್ನು ಎತ್ತಬೇಕು, ಯಾವ ಗುರುತಿನ ಮೇಲೆ ಇಡಬೇಕು ಎಂಬುದೆಲ್ಲ ತಾಲೀಮಿನಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಹಿಂದೆ ಅಲ್ಲಿ ಪೂರ್ತಿ ವಾದ್ಯವೃಂದ ಇರುತ್ತಿತ್ತು, 1999ರಿಂದ ಇಲ್ಲ. ಸಂಗೀತ ಮೊದಲೇ ರೆಕಾರ್ಡ್ ಆಗಿರುತ್ತದೆ, ಮುಖ್ಯ ಗಾಯಕರ ಕಂಠ ಮಾತ್ರ ಅಲ್ಲೇ ಹಾಡಿದ್ದಾಗಿರಬೇಕು. ವಾದ್ಯವೃಂದ ಹೋದದ್ದಕ್ಕೆ ಹಳಬರಿಗೆ ಇವತ್ತಿಗೂ ಬೇಸರವಿದೆ. ನನಗೂ ಟ್ರ್ಯಾಕ್‌ಗಿಂತ ಎದುರಿಗೆ ಕೂತ ತಬಲಾದವರೇ ಇಷ್ಟ. ಆದರೆ ಒಬ್ಬರಿಗೆ ಟ್ರ್ಯಾಕ್, ಒಬ್ಬರಿಗೆ ಹಾರ್ಮೋನಿಯಂ, ಇನ್ನೊಬ್ಬರಿಗೆ ಏನೂ ಇಲ್ಲ ಎಂಬ ನಮ್ಮ ವ್ಯವಸ್ಥೆಗಿಂತ, ಎಲ್ಲರಿಗೂ ಒಂದೇ ಎಂಬುದು ವಾಸಿ.

"ಮೇಡಂ, ಅವರವರ ಕಾಲೇಜಿನಿಂದಲೇ ಮೊಬೈಲಲ್ಲಿ ಲೈವ್ ಹಾಡಿಸಬಹುದಲ್ಲ, ಬಸ್ಸಿನ ಗೋಳೇ ಇರಲ್ಲ" ಎಂದು ಒಬ್ಬ ವಿಜ್ಞಾನ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ನಾಡಗೀತೆ ಹಾಡಲು ಹೋಗಿ ಏನಾಯಿತು ನೆನಪಿದೆಯೇ? ಸಂಕೇತ ಬಂದು ಸೇರುವುದಕ್ಕೆ ಹೊತ್ತು ಬೇಕು. ಟಿವಿ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹೋಗಿ ಬರಲು 72,000 ಕಿ.ಮೀ.; ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ.; ಭಾಗಿಸಿದರೆ 0.24 ಸೆಕೆಂಡ್. ಮಾತಿಗೆ ಇದು ಏನೂ ಅಲ್ಲ, ತಾಳಕ್ಕೆ ಬಹಳ. ಯೂರೋವಿಷನ್‌ನಲ್ಲಿ ಹಾಡುವವರೆಲ್ಲ ಒಂದೇ ವೇದಿಕೆಗೆ ಬರುತ್ತಾರೆ, ಅಂಕ ಮಾತ್ರ ದೂರದಿಂದ ಬರುತ್ತದೆ. 2021ರಲ್ಲಿ ಕೊರೊನಾ ಭಯವಿದ್ದಾಗ ಪ್ರತಿ ದೇಶವೂ ತನ್ನ ಹಾಡನ್ನು ನೇರ ಹಾಡಿದಂತೆಯೇ ಒಮ್ಮೆ ಚಿತ್ರೀಕರಿಸಿ ಮೊದಲೇ ಕೊಟ್ಟಿರಬೇಕು ಎಂಬ ನಿಯಮ ಮಾಡಿದ್ದರು. ಬರಲಾಗದಿದ್ದರೆ ಅದನ್ನು ಹಾಕುವುದು. ಬಸ್ ತಪ್ಪಿಸಿಕೊಂಡ ಪಾವಗಡದ ತಂಡಕ್ಕೆ ಈ ಉಪಾಯ ಆದೀತು ಎಂದು ನಮ್ಮ ಸಮಿತಿಗೆ ಹೇಳಿದ್ದೇನೆ.

ಒಂದೇ ಸಭಾಂಗಣದೊಳಗೂ ಹೊತ್ತಿನ ಕಾಟ ತಪ್ಪಿದ್ದಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ಹಿಂದೆ ಕೂತವರಿಗೆ 0.1 ಸೆಕೆಂಡ್ ತಡ. ಉರುಸಿನ ಕವ್ವಾಲಿ ಇರಲಿ, ಜಾತ್ರೆಯ ಆರ್ಕೆಸ್ಟ್ರಾ ಇರಲಿ, ಮೈದಾನದ ಹಿಂದೆಯೂ ಸ್ಪೀಕರ್ ಕಟ್ಟಿದರೆ ಒಂದೇ ಸಾಲು ಎರಡೆರಡು ಸಲ ಕೇಳುವುದು ಇದರಿಂದಲೇ. ದೊಡ್ಡ ವೇದಿಕೆಗಳಲ್ಲಿ ಹಿಂದಿನ ಸ್ಪೀಕರಿಗೆ ಅಷ್ಟೇ ತಡ ಮಾಡಿ ಸದ್ದು ಕಳಿಸುತ್ತಾರೆ. ಹಾಡುವವರ ಕಿವಿಯೊಳಗೇ ಪುಟ್ಟ ಸ್ಪೀಕರ್ ಇಡುತ್ತಾರೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಹಾಡುವವರ ಮುಂದೆ, ಅವರ ಕಡೆಗೆ ತಿರುಗಿಸಿ ಒಂದು ಸ್ಪೀಕರ್ ಇಟ್ಟರೆ ಸಾಕು. ಅದರ ಬಾಯಿ ನೇರವಾಗಿ ಮೈಕಿಗೆ ಎದುರಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕುಯ್ಯೆನ್ನುತ್ತದೆ.

ಇನ್ನು ನನ್ನನ್ನು ಕಾಡಿದ ವಿಷಯ. ಕಳೆದ ವರ್ಷ ಕೊನೆಯ ಸುತ್ತಿಗೆ ತಾಲ್ಲೂಕಿಗೆ ಒಬ್ಬರಂತೆ ನಾಲ್ವರು ಉಳಿದರು. ಮೂವರು ತೀರ್ಪುಗಾರರು, ತಲಾ 100 ಅಂಕ. ಮೊದಲನೆಯವರು ಕೊರಟಗೆರೆಗೆ 82, ಶಿರಾಕ್ಕೆ 80, ಪಾವಗಡಕ್ಕೆ 79, ಮಧುಗಿರಿಗೆ 78 ಕೊಟ್ಟರು. ಎರಡನೆಯವರು ಕೊರಟಗೆರೆ 84, ಶಿರಾ 81, ಮಧುಗಿರಿ 80, ಪಾವಗಡ 79. ಮೂರನೆಯವರ ಕೈ ಸ್ವಲ್ಪ ಉದ್ದ: ಶಿರಾ 90, ಕೊರಟಗೆರೆ 75, ಮಧುಗಿರಿ 60, ಪಾವಗಡ 50.

ಕೂಡಿ ನೋಡಿ. ಶಿರಾ 251, ಕೊರಟಗೆರೆ 241. ಶಿರಾದ ಹುಡುಗ ಹತ್ತು ಅಂಕದಿಂದ ಗೆದ್ದ. ಆದರೆ ಮೂವರಲ್ಲಿ ಇಬ್ಬರ ಪ್ರಕಾರ ಕೊರಟಗೆರೆಯ ಹುಡುಗಿಯೇ ಮೊದಲು! ಮೊದಲಿಬ್ಬರು ಎಲ್ಲರನ್ನೂ 78ರಿಂದ 84ರೊಳಗೆ ಅಳೆದರು, ಮೂರನೆಯವರು 50ರಿಂದ 90ರವರೆಗೆ. ಕೂಡಿದಾಗ ಹೆಚ್ಚು ಹರಡಿದವರ ಮಾತೇ ನಡೆಯುತ್ತದೆ. ದ್ವಿತೀಯ ಪಿಯು ಸಂಖ್ಯಾಶಾಸ್ತ್ರದವರು ಚದುರುವಿಕೆಯ ಪಾಠ ನೆನೆಯಿರಿ. ಮೂವರು ತೀರ್ಪುಗಾರರಿದ್ದರು ಎಂಬುದು ಹೆಸರಿಗೆ ಮಾತ್ರ; ತೀರ್ಪು ಕೊಟ್ಟದ್ದು ಒಬ್ಬರೇ.

ಯೂರೋವಿಷನ್ 1975ರಲ್ಲಿ ತಂದ ಕ್ರಮ ಹೀಗಿದೆ: ಯಾರೂ ಮನಸ್ಸಿಗೆ ಬಂದಷ್ಟು ಅಂಕ ಕೊಡುವಂತಿಲ್ಲ. ಇಷ್ಟವಾದ ಹತ್ತು ಹಾಡನ್ನು ಸಾಲಾಗಿ ಜೋಡಿಸಬೇಕು. ಮೊದಲನೆಯದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8, 7 ಹೀಗೆ 1ರವರೆಗೆ. ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಅಷ್ಟೇ ಅಂಕ. ಇದೇ ಅಳತೆಯಲ್ಲಿ ನಮ್ಮ ನಾಲ್ವರನ್ನು ಅಳೆದರೆ ಕೊರಟಗೆರೆ 12+12+10, ಒಟ್ಟು 34. ಶಿರಾ 10+10+12, ಒಟ್ಟು 32. ಫಲಿತಾಂಶ ತಿರುಗುತ್ತದೆ.

ಹಾಗಾದರೆ ಸ್ಥಾನ ಜೋಡಿಸುವುದೇ ಸರಿ, ಅಂಕ ಕೂಡುವುದು ತಪ್ಪು ಎನ್ನಬಹುದೇ? ಅಷ್ಟು ಸುಲಭವಾಗಿ ಹೇಳಲಾರೆ. ಮೂರನೆಯವರಿಗೆ ನಿಜಕ್ಕೂ ಅಷ್ಟು ಅಂತರ ಕಂಡಿರಬಹುದು. ಸ್ಥಾನ ಜೋಡಿಸಿದಾಗ ಆ ಅಂತರ ಮುಚ್ಚಿಹೋಗುತ್ತದೆ. ಆದರೆ ಯಾವ ಲೆಕ್ಕ ಎಂಬುದನ್ನು ಹಾಡು ಕೇಳುವ ಮೊದಲೇ ತೀರ್ಮಾನಿಸಿ ಹೇಳಿರಬೇಕು. 1969ರಲ್ಲಿ ಯೂರೋವಿಷನ್‌ನಲ್ಲಿ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕಕ್ಕೂ ಸಮ ಅಂಕ ಬಂತು. ಸಮ ಬಂದರೆ ಏನು ಮಾಡಬೇಕೆಂಬ ನಿಯಮವೇ ಇರಲಿಲ್ಲ. ನಾಲ್ವರನ್ನೂ ಗೆದ್ದವರೆಂದು ಸಾರಿ ಕೈತೊಳೆದುಕೊಂಡರು.

ಹಾಡುವ ಸರದಿಯನ್ನೂ ಮರೆಯಬೇಡಿ. 1956ರಿಂದ 2025ರವರೆಗೆ ಫೈನಲ್‌ನಲ್ಲಿ ಎರಡನೆಯದಾಗಿ ಬಂದ ಯಾವ ಹಾಡೂ ಗೆದ್ದಿಲ್ಲ. ಇದರಲ್ಲಿ ಆಕಸ್ಮಿಕ ಎಷ್ಟು, ಕಾರಣ ಎಷ್ಟು ಎಂದು ತರಗತಿಯಲ್ಲಿ ವಾದಿಸೋಣ. ಭಾಷೆಯ ನಿಯಮವೂ ಅಲ್ಲಿ ಹಲವು ಸಲ ಬದಲಾಗಿದೆ. ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕೆಂಬ ಕಟ್ಟು 1999ರಲ್ಲಿ ಹೋಯಿತು. ನಮ್ಮಲ್ಲಿ ಮನೆಯಲ್ಲಿ ಉರ್ದು ಆಡುವವರಿದ್ದಾರೆ, ಪಾವಗಡದ ಕಡೆ ತೆಲುಗು ಆಡುವವರಿದ್ದಾರೆ. ಈ ಸಲ ಒಂದು ಸುತ್ತು ಕನ್ನಡ, ಒಂದು ಸುತ್ತು ಯಾವ ಭಾಷೆಯಾದರೂ ಸರಿ ಎಂದು ಗೊತ್ತುಮಾಡಿದ್ದೇವೆ.

ತಪ್ಪೊಪ್ಪಿಗೆ ಒಂದು ಉಳಿದಿದೆ. ಅಂಕಪಟ್ಟಿ ಕೂಡುವಾಗಲೇ ನನಗೆ ಇದು ಕಣ್ಣಿಗೆ ಬಿದ್ದಿತ್ತು. ಮುಖ್ಯ ಅತಿಥಿಗಳು ಎದ್ದು ನಿಂತಿದ್ದರು, ಹೊತ್ತಾಗಿತ್ತು, ನಾನು ಸುಮ್ಮನೆ ಹಾಳೆ ಕೊಟ್ಟುಬಿಟ್ಟೆ. ಕೊರಟಗೆರೆಯ ಆ ಹುಡುಗಿ ಈಗ ಪದವಿ ಕಾಲೇಜಿಗೆ ಸೇರಿದ್ದಾಳೆ; ಪಿಯು ಸ್ಪರ್ಧೆಗೆ ಮತ್ತೆ ಬರುವಂತಿಲ್ಲ. ಹೋದ ತಿಂಗಳು ಎರಡೂ ಲೆಕ್ಕಗಳನ್ನು ಬರೆದು ಅವಳ ಹಿಂದಿನ ಉಪನ್ಯಾಸಕರಿಗೆ ಕಳಿಸಿದೆ, ಅವಳಿಗೆ ತೋರಿಸಿ ಎಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು: "ತೋರಿಸಿದೆ ಮೇಡಂ. ಗೆದ್ದೆನೋ ಸೋತೆನೋ ಕೇಳಲಿಲ್ಲ. ಮೂರನೆಯವರು 75 ಕೊಟ್ಟರಲ್ಲ, ನಾನು ಎಲ್ಲಿ ತಪ್ಪಿದೆ ಅಂತ ಬರೆದಿದ್ದಾರಾ ಅಂದಳು."

ಬರೆದಿರಲಿಲ್ಲ. ಬರೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ. ಈ ವರ್ಷದ ಅಂಕಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಸಾಲಿನಷ್ಟು ಖಾಲಿ ಬಿಡಿಸಿದ್ದೇನೆ. ಸ್ಪರ್ಧೆ ಮುಗಿದ ಸಂಜೆಯೇ ಆ ಹಾಳೆಗಳು ನೋಟಿಸ್ ಬೋರ್ಡಿಗೆ ಬರುತ್ತವೆ. ಸರದಿಯ ಚೀಟಿ ಎತ್ತುವುದು ಬೆಳಿಗ್ಗೆ ಒಂಬತ್ತೂವರೆಗೆ, ಎಲ್ಲರ ಎದುರಿಗೆ. ಪೆನ್‌ಡ್ರೈವ್ ಹಿಂದಿನ ದಿನವೇ ತಂದುಕೊಡಿ.