ವ್ಯಸನರೋಗಕ್ಕೆ ಚಿಕಿತ್ಸೆ: ಎಲ್ಲಿ, ಹೇಗೆ?

ಕಾಲು ಮುರಿದವನನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಯಾರೂ ಬಹಳ ಹೊತ್ತು ಯೋಚಿಸುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಕುಡಿತವೋ ಬೇರೆ ಮಾದಕ ವಸ್ತುವೋ ಅಂಟಿಕೊಂಡಿತೆಂದರೆ ಮನೆಯವರಿಗೆ ದಿಕ್ಕೇ ತೋಚದಂತಾಗುತ್ತದೆ. ಆಗ ಸಲಹೆಗಳಿಗೇನೂ ಕೊರತೆಯಿರುವುದಿಲ್ಲ. ದೇವರ ಮುಂದೆ ಆಣೆ ಮಾಡಿಸಿರೆಂದು ಒಬ್ಬರು. ಮದುವೆ ಮಾಡಿದರೆ ತಾನಾಗಿ ಬಿಡುತ್ತಾನೆಂದು ಇನ್ನೊಬ್ಬರು. ನಾಲ್ಕು ದಿನ ಕೋಣೆಯಲ್ಲಿ ಕೂಡಿಹಾಕಿರೆಂದು ಮತ್ತೊಬ್ಬರು. ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿಯೊಂದಿದೆಯೆಂದು ಮಗುದೊಬ್ಬರು. ಈ ನಾಲ್ಕರಲ್ಲಿ ಮೊದಲಿನ ಎರಡು ರೋಗವನ್ನು ಗುಣಪಡಿಸಲಾರವು. ಕಡೆಯ ಎರಡಾದರೋ ಪ್ರಾಣವನ್ನೇ ತೆಗೆಯಬಲ್ಲುವು. ಇದೇಕೆ ಎಂಬುದನ್ನು ಅರಿತರೆ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು, ಅಲ್ಲಿ ಏನನ್ನು ನೋಡಬೇಕು ಎಂಬುದೂ ತಾನಾಗಿ ತಿಳಿದುಬರುತ್ತದೆ.

ಈ ಅರಿವು ಎಷ್ಟು ಅಗತ್ಯವೆಂಬುದನ್ನು ಅಂಕಿಗಳೇ ಹೇಳುತ್ತವೆ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, 10ರಿಂದ 75 ವರ್ಷ ವಯಸ್ಸಿನ ಭಾರತೀಯರಲ್ಲಿ ಶೇಕಡ 14.6ರಷ್ಟು ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಿದ್ದರು. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ನೆರವು ಬೇಕಾಗಿತ್ತು. ಆದರೆ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಮದ್ದಿಲ್ಲದ ರೋಗದಿಂದ ಜನ ನರಳುವುದು ಒಂದು ದುಃಖ. ಮದ್ದಿರುವ ರೋಗದಿಂದ ನರಳುವುದು ಇನ್ನೂ ದೊಡ್ಡ ದುಃಖ.

ಚಟವೋ, ರೋಗವೋ?

ಕುಡಿತವು ಕೇವಲ ದುರ್ನಡತೆಯಲ್ಲ, ಅದು ಮನಸ್ಸಿಗೆ ಸಂಬಂಧಿಸಿದ ರೋಗ ಎಂದು ಸ್ಕಾಟ್ಲೆಂಡಿನ ವೈದ್ಯನಾದ ಥಾಮಸ್ ಟ್ರಾಟರನು 1804ರಲ್ಲಿಯೇ ತನ್ನ ಗ್ರಂಥದಲ್ಲಿ ವಾದಿಸಿದನು. ಆ ಮಾತು ಲೋಕಕ್ಕೆ ಒಪ್ಪಿಗೆಯಾಗಲು ಬಹುಕಾಲ ಹಿಡಿಯಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಕುಡಿಯುವವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಬಿಡಬೇಕೆಂದರೂ ಬಿಡಲಾಗದಿರುವುದು, ದಿನದಿನಕ್ಕೆ ಪ್ರಮಾಣ ಏರುತ್ತ ಹೋಗುವುದು, ಬೆಳಗಾದೊಡನೆ ಕೈ ನಡುಗುವುದು, ಕೆಲಸ ಓದು ಸಂಸಾರಗಳು ಕೆಟ್ಟರೂ ಸೇವನೆ ನಿಲ್ಲದಿರುವುದು ಇವು ರೋಗದ ಲಕ್ಷಣಗಳು.

ಮಿದುಳಿನಲ್ಲಿ ಹಗ್ಗಜಗ್ಗಾಟ

ಮಿದುಳಿನ ನರಕೋಶಗಳು ಒಂದರೊಡನೊಂದು ರಾಸಾಯನಿಕಗಳ ಮೂಲಕ ಮಾತನಾಡುತ್ತವೆ. ಅವುಗಳಲ್ಲಿ ಗಾಬಾ ಎಂಬುದು ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ. ಗ್ಲುಟಮೇಟ್ ಎಂಬುದು ಅದನ್ನು ಕೆರಳಿಸುತ್ತದೆ. ಆರೋಗ್ಯವಂತನಲ್ಲಿ ಇವೆರಡೂ ಸಮಬಲದ ಎರಡು ತಂಡಗಳಂತೆ ಹಗ್ಗವನ್ನು ಎಳೆದು ಹಿಡಿದಿರುತ್ತವೆ. ಮದ್ಯಸಾರವು ರಕ್ತದೊಡನೆ ಮಿದುಳನ್ನು ಸೇರಿದಾಗ ಗಾಬಾದ ಬಲವನ್ನು ಹೆಚ್ಚಿಸಿ ಗ್ಲುಟಮೇಟಿನ ಬಲವನ್ನು ಕುಗ್ಗಿಸುತ್ತದೆ. ಕುಡಿದವನ ನಾಲಗೆ ತೊದಲುವುದೂ ಹೆಜ್ಜೆ ತಪ್ಪುವುದೂ ಈ ಕಾರಣದಿಂದ.

ಒಂದು ದಿನದ ಕುಡಿತವಾದರೆ ಸಮತೋಲ ಮರಳಿ ಬರುತ್ತದೆ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ, ದಿನವೂ ಹೆಚ್ಚಾಗಿ ಕುಡಿದರೆ ಮಿದುಳು ಸುಮ್ಮನಿರುವುದಿಲ್ಲ. ಅದು ಗಾಬಾದ ಕರೆಗೆ ಓಗೊಡುವುದನ್ನು ಕಡಿಮೆ ಮಾಡಿ, ಕೆರಳಿಸುವ ಪಕ್ಷಕ್ಕೆ ಹೊಸ ಬಲವನ್ನು ಸೇರಿಸಿಕೊಂಡು, ಮದ್ಯದ ಎದುರಿಗೆ ಸರಿಸಮನಾಗಿ ಹಗ್ಗವನ್ನು ಎಳೆಯತೊಡಗುತ್ತದೆ. ಹಳೆಯ ಪ್ರಮಾಣ ಸಾಲದೆ ಹೋಗುವುದು ಈ ಒಗ್ಗಿಕೆಯಿಂದಲೇ. ಈಗ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆ? ಹಗ್ಗದ ಒಂದು ತುದಿಯನ್ನು ಹಿಡಿದವರು ಒಮ್ಮೆಲೇ ಕೈಬಿಟ್ಟರೆ ಇನ್ನೊಂದು ತುದಿಯವರು ಹಿಂದಕ್ಕೆ ಬೀಳುವಂತೆ, ಕೆರಳಿದ ಮಿದುಳಿಗೆ ತಡೆಯೇ ಇಲ್ಲದಂತಾಗುತ್ತದೆ.

ಮೊದಲ ವಾರದ ಅಪಾಯ

ಕಡೆಯ ಗುಟುಕು ಕುಡಿದ ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ವಾಕರಿಕೆ, ನಿದ್ರೆ ಬಾರದಿರುವುದು ತೋರಿಬರುತ್ತವೆ. ಅನೇಕರಲ್ಲಿ ಇದು ಇಷ್ಟಕ್ಕೇ ನಿಲ್ಲುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ, ಜನ ಫಿಟ್ಸ್ ಎನ್ನುವ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನೂ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳುಹುಪ್ಪಟೆಗಳು ಮೈಮೇಲೆ ಹರಿದಂತೆ ಕಾಣುವುದು, ಮನೆಯವರ ಗುರುತೇ ಸಿಗದಿರುವುದು, ಜ್ವರ, ಎದೆಬಡಿತದ ಏರಿಕೆ. ಇದಕ್ಕೆ ಚಿಕಿತ್ಸೆಯಾಗದಿದ್ದರೆ ಸಾವು ಸಂಭವಿಸಬಹುದು. ‘ನಾಲ್ಕು ದಿನ ಕೂಡಿಹಾಕಿ’ ಎಂಬ ಸಲಹೆಯು ಸರಿಯಾಗಿ ಈ ನಾಲ್ಕು ದಿನಗಳ ಮೇಲೆಯೇ ಬೀಳುತ್ತದೆಂಬುದನ್ನು ಗಮನಿಸಬೇಕು.

ವೈದ್ಯರು ಮಾಡುವುದು ಹಗ್ಗವನ್ನು ಮೆಲ್ಲಮೆಲ್ಲನೆ ಸಡಿಲಿಸುವ ಕೆಲಸ. ಡಯಾಜೆಪಾಮ್, ಲೊರಾಜೆಪಾಮ್ ಮೊದಲಾದ ಔಷಧಗಳು ಗಾಬಾಕ್ಕೆ ಬಲ ಕೊಡುತ್ತವೆ. ಅವುಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟು ಕೆಲವು ದಿನಗಳಲ್ಲಿ ಇಳಿಸುತ್ತ ಬಂದರೆ ಮಿದುಳು ಅಪಾಯವಿಲ್ಲದೆ ತನ್ನ ಸಮತೋಲಕ್ಕೆ ಮರಳುತ್ತದೆ. ಇವು ಸ್ವತಃ ಚಟ ಹಿಡಿಸಬಲ್ಲ ಔಷಧಗಳಾದುದರಿಂದ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅಂಗಡಿಯಿಂದ ತಂದು ನುಂಗತಕ್ಕವಲ್ಲ.

ಇನ್ನೊಂದು ಸಂಗತಿ. ಬಹುಕಾಲ ಕುಡಿದವರಲ್ಲಿ ಬಿ-1 ಜೀವಸತ್ವ, ಅಂದರೆ ಥಯಮಿನ್, ಬಹಳವಾಗಿ ಕುಗ್ಗಿರುತ್ತದೆ. ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಿಕೊಳ್ಳಲು ಮಿದುಳಿಗೆ ಥಯಮಿನ್ ಬೇಕು. ಅದಿಲ್ಲದಿದ್ದರೆ ದೃಷ್ಟಿ ಹೊರಳಿ, ನಡಿಗೆ ತತ್ತರಿಸಿ, ಕಡೆಗೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಆದುದರಿಂದ ತಿಳಿದ ವೈದ್ಯರು ಇಂಥ ರೋಗಿಗೆ ಬರಿಯ ಗ್ಲೂಕೋಸ್ ಬಾಟಲಿಯನ್ನು ತೂಗುಹಾಕಿ ಕಳುಹಿಸುವುದಿಲ್ಲ. ಅದರ ಮೊದಲೋ ಜೊತೆಯಲ್ಲಿಯೋ ಥಯಮಿನ್ ಚುಚ್ಚುಮದ್ದನ್ನು ಕೊಡುತ್ತಾರೆ.

ಹೆರಾಯಿನ್ ಮೊದಲಾದ ಅಫೀಮಿನ ಜಾತಿಯ ವಸ್ತುಗಳ ಕತೆ ಬೇರೆ. ಅವನ್ನು ನಿಲ್ಲಿಸಿದಾಗ ಮೈಕೈ ನೋವು, ಭೇದಿ, ಮೂಗು ಸೋರುವಿಕೆ ವಿಪರೀತವಾಗಿದ್ದರೂ ಸಾಮಾನ್ಯವಾಗಿ ಅದರಿಂದಲೇ ಪ್ರಾಣಹಾನಿಯಾಗುವುದಿಲ್ಲ. ಅಪಾಯವಿರುವುದು ಆಮೇಲೆ. ಕೆಲವು ವಾರ ಬಿಟ್ಟಿದ್ದವನ ದೇಹ ಒಗ್ಗಿಕೆಯನ್ನು ಕಳೆದುಕೊಂಡಿರುತ್ತದೆ. ಆಗ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರಾಟವೇ ನಿಂತುಹೋಗಬಹುದು. ಆದುದರಿಂದ ಇಂಥವರಿಗೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ದೀರ್ಘಕಾಲ ಕೊಡುವ ಪದ್ಧತಿಯಿದೆ. ‘ಒಂದು ಚಟದ ಬದಲು ಇನ್ನೊಂದು’ ಎಂದು ಇದನ್ನು ಹಳಿಯುವವರುಂಟು. ಆದರೆ ಇದು ಜೀವವನ್ನು ಉಳಿಸುವ ಚಿಕಿತ್ಸೆ.

ವಾರ ಕಳೆದ ಮೇಲೆ

ಮೈಯಿಂದ ವಿಷ ಇಳಿದೊಡನೆ ರೋಗ ವಾಸಿಯಾಯಿತೆಂದು ತಿಳಿಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿಯ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳು ಓದಿದ್ದಾರೆ. ವ್ಯಸನಿಯ ಮಿದುಳು ಕೂಡ ಅಂಗಡಿಯ ಬೀದಿ, ಗೆಳೆಯರ ದನಿ, ಸಂಬಳದ ದಿನ, ಸಂಜೆಯ ಬೇಸರ ಇವುಗಳಿಗೆ ಹಾಗೆಯೇ ಹೊಂದಿಕೊಂಡಿರುತ್ತದೆ. ಈ ಕಲಿಕೆ ಒಂದು ವಾರದಲ್ಲಿ ಅಳಿಯುವಂಥದಲ್ಲ. ಆದುದರಿಂದ ತಿಂಗಳುಗಟ್ಟಲೆ ನಡೆಯುವ ಆಪ್ತಸಲಹೆ, ಮನೆಯವರೊಡನೆ ಮಾತುಕತೆ, ಆಸೆಯನ್ನು ತಗ್ಗಿಸುವ ಔಷಧ ಇವೇ ಚಿಕಿತ್ಸೆಯ ಮುಖ್ಯ ಭಾಗ. ಒಬ್ಬರಿಗೊಬ್ಬರು ಆಸರೆಯಾಗುವ ಕೂಟಗಳೂ ಇವೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಅಂಥದು. ನಮ್ಮ ನಾಡಿನಲ್ಲಿಯೂ ಅದರ ಕೂಟಗಳು ನಡೆಯುತ್ತವೆ.

ಔಷಧಗಳಲ್ಲಿ ನಾಲ್‌ಟ್ರೆಕ್ಸೋನ್ ಕುಡಿತದ ಸುಖವನ್ನು ಮಂಕುಗೊಳಿಸುತ್ತದೆ. ಅಕಾಂಪ್ರೊಸೇಟ್ ಬಿಟ್ಟವರು ಬಿಟ್ಟಂತೆಯೇ ಇರಲು ನೆರವಾಗುತ್ತದೆ. ಮೂರನೆಯದಾದ ಡೈಸಲ್ಫಿರಾಮಿನ ಚರಿತ್ರೆ ಕುತೂಹಲಕರವಾದುದು. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸನ್ ಎಂಬ ವಿಜ್ಞಾನಿಗಳು ಜಂತುಹುಳುವಿಗೆ ಮದ್ದಾಗಬಹುದೆಂದು ಇದನ್ನು ತಾವೇ ಸೇವಿಸಿ ಪರೀಕ್ಷಿಸುತ್ತಿದ್ದರು. ಆ ದಿನಗಳಲ್ಲಿ ಸ್ವಲ್ಪ ಮದ್ಯ ಕುಡಿದರೂ ಅವರ ಮುಖ ಕೆಂಪೇರಿ ಮೈ ಕೆಡುತ್ತಿತ್ತು. ಮದ್ಯಸಾರವು ಪಿತ್ತಜನಕಾಂಗದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅನಂತರ ನಿರಪಾಯ ವಸ್ತುವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಯನ್ನು ತಡೆದು ವಿಷವು ಮೈಯಲ್ಲಿ ಸೇರುವಂತೆ ಮಾಡುತ್ತದೆ. ‘ಕುಡಿದರೆ ನನಗೆ ಹೀಗಾಗುತ್ತದೆ’ ಎಂದು ತಿಳಿದು, ಒಪ್ಪಿ ನುಂಗುವವನಿಗೆ ಅದು ಕಾವಲುಗಾರ. ತಿಳಿಯದವನ ಊಟದಲ್ಲಿ ಬೆರೆಸಿದರೆ ಅದೇ ಕೊಲೆಗಾರನಾಗಬಹುದು. ಏಕೆಂದರೆ ಎಂದಿನಂತೆ ಕುಡಿದಾಗ ರಕ್ತದೊತ್ತಡ ಕುಸಿದು, ದುರ್ಬಲ ಹೃದಯ ನಿಲ್ಲಬಹುದು. ಹೆಸರಿಲ್ಲದ ಪುಡಿಯಲ್ಲಿ ಏನಿದೆಯೆಂದು ಬಲ್ಲವರಾರು? ಆದಕಾರಣ ಗುಟ್ಟಿನ ಪುಡಿಗಳನ್ನು ಮುಟ್ಟಲೇಕೂಡದು.

ರೋಗ ಮರುಕಳಿಸಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಕೈಚೆಲ್ಲಬೇಕಾಗಿಲ್ಲ. ಸಕ್ಕರೆ ರೋಗಿಯ ಸಕ್ಕರೆ ಏರಿದರೆ ಮತ್ತೆ ವೈದ್ಯರ ಬಳಿಗೆ ಹೋಗುವುದಿಲ್ಲವೆ? ಇಲ್ಲಿಯೂ ಹಾಗೆಯೇ.

ಎಲ್ಲಿ ವಿಚಾರಿಸಬೇಕು?

ಸೆಳವು, ಸನ್ನಿ, ರಕ್ತವಾಂತಿ, ಎಚ್ಚರ ತಪ್ಪುವಿಕೆ ಕಂಡರೆ ವ್ಯಸನಮುಕ್ತಿ ಕೇಂದ್ರವನ್ನು ಹುಡುಕುತ್ತ ಹೊತ್ತು ಕಳೆಯಬಾರದು. 108ಕ್ಕೆ ಕರೆಮಾಡಿ, ತುರ್ತು ಚಿಕಿತ್ಸೆಯಿರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಅಂಥ ತುರ್ತು ಇಲ್ಲದಿದ್ದಲ್ಲಿ ಮನೆಯಿಂದಲೇ ವಿಚಾರಿಸಬಹುದು. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ-ಮಾನಸ್ 14416. ಎರಡಕ್ಕೂ ಶುಲ್ಕವಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಎರಡನೆಯದಾಗಿ ಜಿಲ್ಲಾ ಆಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಅನೇಕ ರೋಗಿಗಳಿಗೆ ಇಲ್ಲಿ ಹೊರರೋಗಿಗಳಾಗಿ ಬಂದುಹೋಗುವುದೇ ಸಾಕಾಗುತ್ತದೆ. ಮೂರನೆಯದಾಗಿ ನಿಮ್ಹಾನ್ಸ್‌ನಲ್ಲಿಯೇ ವ್ಯಸನ ಚಿಕಿತ್ಸೆಗೆಂದು ಪ್ರತ್ಯೇಕ ಕೇಂದ್ರವಿದೆ. ಇವಲ್ಲದೆ ಕೇಂದ್ರ ಸರ್ಕಾರದ ಧನಸಹಾಯದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಖಾಸಗಿ ಕೇಂದ್ರಗಳೂ ಉಂಟು.

ಸೇರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಕೇಂದ್ರವು ನೋಂದಣಿಯಾಗಿದೆಯೆ? 2017ರ ಕಾಯಿದೆಯಂತೆ ನೋಂದಣಿಯಿಲ್ಲದೆ ಇಂಥ ಕೇಂದ್ರವನ್ನು ನಡೆಸುವಂತಿಲ್ಲ. ನೋಂದಣಿ ಪತ್ರವನ್ನು ಕಣ್ಣಾರೆ ನೋಡಬೇಕು.

2. ಮೊದಲ ದಿನವೇ ವೈದ್ಯರು ಪರೀಕ್ಷಿಸುತ್ತಾರೆಯೆ? ರಾತ್ರಿ ಸೆಳವು ಬಂದರೆ ನೋಡುವವರು ಯಾರು? ಮೊದಲ ವಾರದ ಅಪಾಯವನ್ನು ಅರಿತ ನಮಗೆ ಈ ಪ್ರಶ್ನೆಯ ಬೆಲೆ ಗೊತ್ತು. ಇದಕ್ಕೆ ತಡವರಿಸುವ ಕೇಂದ್ರ ನಮಗೆ ತಕ್ಕುದಲ್ಲ.

3. ರೋಗಿಯ ಒಪ್ಪಿಗೆಯನ್ನು ಕೇಳುತ್ತಾರೆಯೆ? ಮಧ್ಯರಾತ್ರಿಯಲ್ಲಿ ಬಂದು ಕಟ್ಟಿ ಹೊತ್ತೊಯ್ಯುವುದು ಚಿಕಿತ್ಸೆಯಲ್ಲ. ರೋಗಿ ತಾನಾಗಿ ಒಪ್ಪುವ ಸ್ಥಿತಿಯಲ್ಲಿಲ್ಲದಾಗ ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಸಲ್ಲಿಸಿ, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ, 30 ದಿನಗಳವರೆಗೆ ಸೇರಿಸಿಕೊಳ್ಳುವ ಕ್ರಮವನ್ನು ಕಾಯಿದೆಯೇ ಹೇಳಿದೆ.

4. ಮನೆಯವರು ಭೇಟಿ ಮಾಡಬಹುದೆ? ಹೊಡೆತ, ಬಡಿತ, ಬೀಗ ಇವು ಎಲ್ಲಿ ಇವೆಯೋ ಅಲ್ಲಿ ಭೇಟಿಗೆ ತಡೆಯೂ ಇರುತ್ತದೆ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಕಾಯಿದೆ ಪೂರ್ಣವಾಗಿ ನಿಷೇಧಿಸಿದೆ.

5. ಮನೆಗೆ ಹೋದ ಮೇಲೆ ಏನು? ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡದೆ ಕಳುಹಿಸುವ ಕೇಂದ್ರ ಅರ್ಧ ಕೆಲಸವನ್ನಷ್ಟೇ ಮಾಡಿದೆ.

6. ಭರವಸೆ ಎಂಥದು? ‘ಒಂದೇ ಚುಚ್ಚುಮದ್ದು, ನೂರಕ್ಕೆ ನೂರು ಗುಣ’ ಎಂಬ ಜಾಹೀರಾತು ಕಂಡರೆ ಅಲ್ಲಿಂದ ಹಿಂದಿರುಗುವುದು ಲೇಸು. ಖರ್ಚಿನ ವಿವರವನ್ನು ಬರಹದಲ್ಲಿ ಪಡೆಯಬೇಕು.

ಮಾನಕ್ಕೂ ಪೊಲೀಸರಿಗೂ ಅಂಜಿ ಚಿಕಿತ್ಸೆಗೆ ಹೋಗದಿರುವವರು ಬಹಳ. ರೋಗದ ಸಂಗತಿಯನ್ನು ಗೋಪ್ಯವಾಗಿ ಇರಿಸಿಕೊಳ್ಳುವ ಹಕ್ಕು ರೋಗಿಗೆ ಕಾಯಿದೆಯಿಂದಲೇ ಬಂದಿದೆ. 1985ರ ಮಾದಕ ವಸ್ತುಗಳ ಕಾಯಿದೆಯ 64-ಎ ವಿಧಿಯು, ಸ್ವಂತ ಸೇವನೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆಪಾದನೆಯಿರುವ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರೈಸದೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ವ್ಯಸನಿಯ ಬಾಯಲ್ಲಿ ‘ಬಿಡಬೇಕು’ ಎಂಬ ಮಾತು ದಿನವೂ ಬರುವುದಿಲ್ಲ. ಬಂದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಆ ದಿನ ಬಂದಾಗ ಹುಡುಕತೊಡಗಿದರೆ ವಿಳಾಸ ಸಿಗುವ ಹೊತ್ತಿಗೆ ಮನಸ್ಸು ಬದಲಾಗಿರಬಹುದು. ಆದುದರಿಂದ ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ, ಹತ್ತಿರದ ನೋಂದಾಯಿತ ಕೇಂದ್ರ ಯಾವುದು ಎಂಬ ಎರಡು ಸಂಗತಿಗಳನ್ನು ನಮ್ಮ ವಿದ್ಯಾರ್ಥಿಗಳು ಈಗಲೇ ವಿಚಾರಿಸಿ ಬರೆದಿಟ್ಟುಕೊಳ್ಳಲಿ. ತಮಗೆ ಬೇಡವಾದರೂ ನೆರೆಮನೆಯವರಿಗೆ ಎಂದಾದರೂ ಬೇಕಾದೀತು.