‘ಏನು ಪಲ್ಯ?’: ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಅಡುಗೆಮನೆಯ ಮಾತು

ಕೃಷ್ಣಾ ನದಿಯ ಉತ್ತರಕ್ಕೆ ನಾರಾಯಣಪೇಟೆ ಮತ್ತು ಮಕ್ತಲ್ ಇವೆ. ದಕ್ಷಿಣಕ್ಕೆ, ಕೃಷ್ಣೆ ತುಂಗಭದ್ರೆಗಳ ನಡುವಣ ನೆಲದಲ್ಲಿ, ಗದ್ವಾಲವಿದೆ. ಮೂರೂ ಊರುಗಳು ಇಂದು ತೆಲಂಗಾಣಕ್ಕೆ ಸೇರಿವೆ. 1956ರ ನವೆಂಬರ್ 1ರವರೆಗೆ ಇವು ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲ ಮತ್ತು ಅಲಂಪುರ ಆಗ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಈ ಎರಡನ್ನು ಬಿಟ್ಟು ಉಳಿದ ರಾಯಚೂರನ್ನೂ, ಕೊಡಂಗಲ್ ಮತ್ತು ತಾಂಡೂರುಗಳನ್ನು ಬಿಟ್ಟು ಉಳಿದ ಗುಲಬರ್ಗಾವನ್ನೂ ಮೈಸೂರಿಗೆ ಸೇರಿಸಿತು. ಕಾಯ್ದೆ ಗೆರೆ ಎಳೆದದ್ದು ತಾಲ್ಲೂಕುಗಳ ಲೆಕ್ಕದಲ್ಲಿ. ಮನೆಗಳ ಲೆಕ್ಕದಲ್ಲಿ ಎಳೆಯುವುದು ಯಾವ ಕಾಯ್ದೆಗೂ ಸಾಧ್ಯವಿರಲಿಲ್ಲ. ಆದುದರಿಂದ ಕನ್ನಡ ಮನೆಮಾತಿನ ಕುಟುಂಬಗಳು ಗೆರೆಯ ಆಚೆಯೂ ತೆಲುಗು ಮನೆಮಾತಿನವು ಈಚೆಯೂ ಉಳಿದವು.

ಗಡಿನಾಡಿನ ಕನ್ನಡವೆಂದೊಡನೆ ವಿದ್ಯಾರ್ಥಿಗಳ ಗಮನ ಶಾಸನಗಳ ಕಡೆಗೆ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ವಿಸ್ತರಿಸಿ ಹೇಳಿದ ಕವಿರಾಜಮಾರ್ಗದ ಕಡೆಗೆ ಹೋಗುತ್ತದೆ. ಅಡುಗೆಯ ವಿಷಯಕ್ಕೆ ಬಂದರೆ ಚಾವುಂಡರಾಯನ ಲೋಕೋಪಕಾರ, ಮಂಗರಸನ ಸೂಪಶಾಸ್ತ್ರಗಳು ನೆನಪಾಗುತ್ತವೆ. ಅವೆಲ್ಲ ಬರೆದಿಟ್ಟ ಭಾಷೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ನೆರೆಯ ಗೃಹಿಣಿಯರು ಕಟ್ಟೆಯ ಮೇಲೆ ನಿಂತು ಆಡುವ ನಾಲ್ಕು ಮಾತನ್ನು ಯಾರೂ ಬರೆದಿಡುವುದಿಲ್ಲ. ಆದರೆ ಎರಡು ಭಾಷೆಗಳು ಒಂದರ ಪಕ್ಕ ಒಂದು ಬದುಕುವ ಬಗೆಯನ್ನು ಅರಿಯಲು ಅಷ್ಟು ಒಳ್ಳೆಯ ಪಠ್ಯ ಬೇರೆ ಕಡೆ ಸಿಗುವುದು ಕಷ್ಟ.

ಅಭ್ಯಾಸಕ್ಕಾಗಿ ರಚಿಸಿದ ಒಂದು ಮಾದರಿ ಸಂಭಾಷಣೆ ಇಲ್ಲಿದೆ. ಕಿರಿಯಳು ತೆಲುಗಿನಲ್ಲಿ ಕೇಳುತ್ತಾಳೆ, ಹಿರಿಯಳು ಕನ್ನಡದಲ್ಲಿ ಉತ್ತರಿಸುತ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುತ್ತದೆ. ತನ್ನದನ್ನು ಬಿಡುವ ಅಗತ್ಯ ಯಾರಿಗೂ ಇಲ್ಲ.

“ಏಂ ಕೂರ ವಂಡಿನವ್, ಅಕ್ಕಾ?”

“ಪುಂಡಿಪಲ್ಯ ಮಾಡೀನಿ, ಬ್ಯಾಳಿ ಹಾಕಿ. ನೀ ಏನ್ ಮಾಡಿದಿ?”

“ವಂಕಾಯ. ರೊಟ್ಟೆಲು ಇಂಕಾ ಕಾಲೇದು, ಪಿಂಡಿ ಅಯಿಪೋಯಿಂದಿ.”

“ನಾನೂ ಗಿರಣಿಗಿ ಹೋಗಬೇಕು. ಸಂಜಿಕ ಬಾ, ಕೂಡೇ ಹೋಗೂಣು.”

“ಸರೇ. ಉಲ್ಲಿಗಡ್ಡ ರೆಂಡು ಉಂಟೆ ಇಯ್ಯಿ.”

“ಉಳ್ಳಾಗಡ್ಡಿ ಬುಟ್ಟ್ಯಾಗ ಅದಾವ, ತಗೋ.”

ಕೊನೆಯ ಎರಡು ಮಾತುಗಳಿಂದಲೇ ಆರಂಭಿಸಬಹುದು. ಕನ್ನಡ ಪಠ್ಯಪುಸ್ತಕದ ಶಿಷ್ಟರೂಪ ‘ಈರುಳ್ಳಿ’. ಕರಾವಳಿ ಆಂಧ್ರದ ತೆಲುಗಿನಲ್ಲಿ ‘ಉಲ್ಲಿಪಾಯ’. ಆದರೆ ಉತ್ತರ ಕರ್ನಾಟಕದ ಕನ್ನಡತಿ ‘ಉಳ್ಳಾಗಡ್ಡಿ’ ಎನ್ನುತ್ತಾಳೆ, ತೆಲಂಗಾಣದ ತೆಲುಗಿನವಳು ‘ಉಲ್ಲಿಗಡ್ಡ’ ಎನ್ನುತ್ತಾಳೆ. ಈ ಇಬ್ಬರ ಪದಗಳು ತಂತಮ್ಮ ಭಾಷೆಯ ಶಿಷ್ಟರೂಪಕ್ಕಿಂತ ಪರಸ್ಪರ ಹತ್ತಿರವಾಗಿವೆ. ‘ಪುಂಡಿಪಲ್ಯ’ದ ಕತೆಯೂ ಅದೇ. ಹುಳಿ ರುಚಿಯ ಈ ಸೊಪ್ಪನ್ನು ಆಂಧ್ರದವರು ‘ಗೋಂಗೂರ’ ಎಂದರೆ ತೆಲಂಗಾಣದವರು ‘ಪುಂಟಿಕೂರ’ ಎನ್ನುತ್ತಾರೆ. ಪುಂಡಿ ಮತ್ತು ಪುಂಟಿಗಳ ನಡುವೆ ಇರುವುದು ಒಂದು ವ್ಯಂಜನದ ಅಂತರ ಮಾತ್ರ. ಆಂಧ್ರದಲ್ಲಿ ‘ಬಂಗಾಳಾದುಂಪ’ ಎನಿಸಿಕೊಳ್ಳುವುದು ತೆಲಂಗಾಣದಲ್ಲಿ ‘ಆಲುಗಡ್ಡ’, ಕನ್ನಡದಲ್ಲಿ ‘ಆಲೂಗಡ್ಡೆ’. ಅಲ್ಲಿಯ ‘ಪಂಚದಾರ’ ಇಲ್ಲಿ ‘ಚಕ್ಕೆರ’, ಕನ್ನಡದ ‘ಸಕ್ಕರೆ’. ಹಿಟ್ಟು ಬೀಸುವ ಜಾಗಕ್ಕೆ ಕನ್ನಡತಿಯ ‘ಗಿರಣಿ’, ತೆಲಂಗಾಣದವಳ ‘ಗಿರ್ನಿ’, ಮರಾಠಿಯ ‘ಗಿರಣಿ’ ಎಲ್ಲವೂ ಒಂದೇ.

ಒಂದು ಪದ ಬಳಕೆಯಲ್ಲಿರುವ ಪ್ರದೇಶದ ಅಂಚನ್ನು ನಕ್ಷೆಯ ಮೇಲೆ ಗುರುತಿಸಿದಾಗ ಸಿಗುವ ಗೆರೆಯನ್ನು ಉಪಭಾಷಾ ಅಧ್ಯಯನದಲ್ಲಿ ಸಮಪದರೇಖೆ ಎನ್ನಬಹುದು. ಉಳ್ಳಾಗಡ್ಡಿ, ಪುಂಡಿಗಳ ಸಮಪದರೇಖೆಗಳನ್ನು ಎಳೆದರೆ ಅವು ರಾಯಚೂರಿಗೂ ಗದ್ವಾಲಕ್ಕೂ ನಡುವೆ ಹಾಯುವುದಿಲ್ಲ. ಅವೆರಡನ್ನೂ ಒಂದೇ ಮಗ್ಗುಲಿಗೆ ಸೇರಿಸಿಕೊಂಡು, ದಕ್ಷಿಣ ಕರ್ನಾಟಕವನ್ನು ಒಂದು ಕಡೆಯೂ ಕರಾವಳಿ ಆಂಧ್ರವನ್ನು ಇನ್ನೊಂದು ಕಡೆಯೂ ಹೊರಗಿಡುತ್ತವೆ. ಅಡುಗೆಯ ಪದಗಳ ಮಟ್ಟಿಗೆ ಭಾಷೆಯ ಗಡಿಯೂ ಪದದ ಗಡಿಯೂ ಬೇರೆ ಬೇರೆ. ಇದು ಭಾಷಾವಾರು ಪ್ರಾಂತ ರಚನೆಯನ್ನು ಟೀಕಿಸುವ ಮಾತಲ್ಲ. ಆಡಳಿತಕ್ಕೆ ಗೆರೆ ಬೇಕು, ಉಳ್ಳಾಗಡ್ಡಿಗೆ ಬೇಕಿಲ್ಲ.

ಹಾಗೆಂದು ಎಲ್ಲ ಪದಗಳೂ ಹೀಗೆ ಕೂಡಿಕೊಂಡಿವೆ ಎಂದು ಭಾವಿಸಬಾರದು. ತೊಗರಿಗೆ ತೆಲುಗಿನಲ್ಲಿ ‘ಕಂದಿ’, ಹುಣಸೆಗೆ ‘ಚಿಂತ’, ಅಕ್ಕಿಗೆ ‘ಬಿಯ್ಯಂ’, ಮೊಸರಿಗೆ ‘ಪೆರುಗು’. ಇವು ಒಂದೇ ಬೀದಿಯಲ್ಲಿ ತಲೆಮಾರುಗಳಿಂದ ಜೊತೆಗಿದ್ದರೂ ಬೆರೆತಿಲ್ಲ. ಮೋಸಗೊಳಿಸುವ ಪದಗಳೂ ಇವೆ. ತೆಲುಗಿನ ‘ಪಿಂಡಿ’ ಎಂದರೆ ಹಿಟ್ಟು. ಉತ್ತರ ಕರ್ನಾಟಕದವರ ‘ಹಿಂಡಿ’ ರೊಟ್ಟಿಯೊಡನೆ ತಿನ್ನುವ ಖಾರದ ಪುಡಿ, ಇಲ್ಲವೆ ದನಕ್ಕೆ ಹಾಕುವ ಎಣ್ಣೆ ತೆಗೆದ ಶೇಷ. ಕನ್ನಡತಿಯ ‘ಪಚಡಿ’ ಹಸಿ ತರಕಾರಿಯನ್ನು ಹೆಚ್ಚಿ ಕಲಸಿದ್ದು. ತೆಲುಗಿನವಳ ‘ಪಚ್ಚಡಿ’ ಚಟ್ನಿ. ಹೊಸ ಸೊಸೆ ಇನ್ನೊಂದು ಭಾಷೆಯ ಓಣಿಗೆ ಬಂದಾಗ ಮೊದಲು ಎಡವುವುದು ಪೂರ್ತಿ ತಿಳಿಯದ ಪದಗಳಲ್ಲಲ್ಲ, ಇಂಥ ಅರೆಪರಿಚಿತ ಪದಗಳಲ್ಲಿ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೂ ಒಂದು ಲಾಭವಿದೆ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂಬುದನ್ನು ಎಲ್ಲರೂ ಓದಿರುತ್ತಾರೆ. ಪಾಲ್ ಹಾಲಾಯಿತು, ಪಣ್ ಹಣ್ಣಾಯಿತು, ಪುಳಿ ಹುಳಿಯಾಯಿತು. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ಪಟ್ಟಿ ನಾರಾಯಣಪೇಟೆಯ ಓಣಿಯಲ್ಲಿ ಜೀವಂತವಾಗಿ ಕೇಳಿಸುತ್ತದೆ. ತೆಲುಗಿನವಳು ‘ಪಾಲು’, ‘ಪಂಡು’, ‘ಪುಲುಪು’, ‘ಪೆಸರು’ ಎನ್ನುವಾಗ ಕನ್ನಡತಿ ‘ಹಾಲು’, ‘ಹಣ್ಣು’, ‘ಹುಳಿ’, ‘ಹೆಸರು’ ಎನ್ನುತ್ತಾಳೆ. ಪಂಪನ ಕಾವ್ಯದ ‘ಪಾಲ್’ ಇಂದಿನ ಕನ್ನಡಕ್ಕಿಂತ ನೆರೆಮನೆಯ ತೆಲುಗಿಗೆ ಹೆಚ್ಚು ಸಮೀಪವೆನಿಸುತ್ತದೆ. ತೆಲುಗು ಕನ್ನಡದಿಂದ ಅದನ್ನು ಪಡೆಯಿತೆಂದು ಇದರ ಅರ್ಥವಲ್ಲ. ಎರಡೂ ಒಂದೇ ಮೂಲದಿಂದ ಬಂದ ಜ್ಞಾತಿಪದಗಳು. ಕನ್ನಡ ಬದಲಾಯಿತು, ತೆಲುಗು ಬದಲಾಗಲಿಲ್ಲ. ಹಾಗೆಯೇ ಕನ್ನಡದ ಬಕಾರಕ್ಕೆ ತೆಲುಗಿನ ವಕಾರ: ಬೆಣ್ಣೆ, ವೆನ್ನ; ಬೆಳ್ಳುಳ್ಳಿ, ವೆಲ್ಲುಲ್ಲಿ. ಸಾರಿಗೆ ಅಲ್ಲಿ ‘ಚಾರು’. ಹಬ್ಬದ ದಿನದ ಹೋಳಿಗೆಯೂ ಹಕಾರ ಪಕಾರಗಳ ಇದೇ ಪಾಠ ಹೇಳುತ್ತದೆ: ತೆಲಂಗಾಣದಲ್ಲಿ ‘ಪೋಲೆ’, ಮರಾಠಿಯಲ್ಲಿ ‘ಪೋಳಿ’. ಹಕಾರವಾಗದೆ ಉಳಿದ ಪುಂಡಿ, ಪಲ್ಯ, ಪಚಡಿಗಳು ಏಕೆ ಹಾಗೆ ಉಳಿದವೆಂಬುದು ತರಗತಿಯಲ್ಲಿ ಚರ್ಚಿಸಬೇಕಾದ ಪ್ರಶ್ನೆ.

ಎಣ್ಣೆಯ ವಿಷಯ ಇನ್ನೂ ಸ್ವಾರಸ್ಯಕರ. ‘ಎಣ್ಣೆ’ ಎಂಬುದು ಎಳ್ ಮತ್ತು ನೆಯ್ ಸೇರಿ ಆದ ಪದ, ಅಂದರೆ ಎಳ್ಳಿನ ಜಿಡ್ಡು. ತೆಲುಗಿನ ‘ನೂನೆ’ಯಲ್ಲಿಯೂ ನುವ್ವು, ಅಂದರೆ ಎಳ್ಳು, ಅಡಗಿದೆ. ಎರಡು ಭಾಷೆಗಳು ಬೇರೆ ಬೇರೆ ಪದಗಳನ್ನು ಹಿಡಿದು ಒಂದೇ ದಾರಿಯಲ್ಲಿ ಯೋಚಿಸಿವೆ. ಈಗ ಒಬ್ಬಳು ‘ಶೇಂಗಾ ಎಣ್ಣೆ’ ಎಂದಾಗಲೂ ಇನ್ನೊಬ್ಬಳು ‘ಪಲ್ಲಿ ನೂನೆ’ ಎಂದಾಗಲೂ ಎಳ್ಳು ಮರೆತುಹೋಗಿ ಬರೀ ಜಿಡ್ಡು ಉಳಿದಿರುತ್ತದೆ.

ಪದಗಳಿಂದ ವ್ಯಾಕರಣಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ಕನ್ನಡತಿ “ನಾಳೆ ನಾವು ಹಪ್ಪಳ ಮಾಡ್ತೀವಿ” ಎಂದರೆ ಆ ‘ನಾವು’ವಿನಲ್ಲಿ ಕೇಳುವವಳು ಸೇರಿದ್ದಾಳೋ ಇಲ್ಲವೋ ಸ್ಪಷ್ಟವಿಲ್ಲ. ತೆಲುಗಿನಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ: ಕೇಳುವವಳೂ ಸೇರಿದ್ದರೆ ‘ಮನಂ’, ಸೇರದಿದ್ದರೆ ‘ಮೇಮು’. ಹಪ್ಪಳ ಲಟ್ಟಿಸಲು ಕರೆದರೋ ಬರಿದೆ ತಿಳಿಸಿದರೋ ಎಂಬುದು ಓಣಿಯ ಸ್ನೇಹಗಳಲ್ಲಿ ಸಣ್ಣ ವಿಷಯವಲ್ಲ. ಕನ್ನಡತಿ ಅದನ್ನು ಸರ್ವನಾಮದಿಂದ ಹೇಳಲಾರಳು. “ನೀನೂ ಬಾ” ಎಂಬ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಲಿಂಗದ ವಿಷಯದಲ್ಲಿ ಅನುಕೂಲ ಕನ್ನಡದ ಕಡೆಗಿದೆ. “ಅಕಿ ಅಡಗಿ ಮಾಡ್ಯಾಳ”, “ಬೆಕ್ಕು ಹಾಲು ಕುಡದದ” ಎಂಬಲ್ಲಿ ಕ್ರಿಯಾಪದದ ಕೊನೆ ಬೇರೆ ಬೇರೆ. ತೆಲುಗಿನಲ್ಲಿ ಅಡುಗೆ ಮಾಡಿದವಳಿಗೂ ‘ವಂಡಿಂದಿ’, ಹಾಲು ಕುಡಿದ ಬೆಕ್ಕಿಗೂ ‘ತಾಗಿಂದಿ’. ಇಬ್ಬರಿಗೂ ಒಂದೇ ಪ್ರತ್ಯಯ.

ಈ ಸಂದರ್ಭದಲ್ಲಿ ಕುಪ್ವಾಡದ ಅಧ್ಯಯನವನ್ನು ನೆನೆಯಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಈ ಗಡಿಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ತೆಲುಗು ಮಾತನಾಡುವವರಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ತೋರಿಸಿದ್ದು ಇಷ್ಟು: ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದಾಗುತ್ತ ಬಂದಿದೆ, ಪದಗಳು ಮಾತ್ರ ಹೆಚ್ಚಾಗಿ ಬೇರೆಯಾಗಿ ಉಳಿದಿವೆ, ಮನೆಯೊಳಗಿನ ಮಾತು ತಮ್ಮವರ ಗುರುತಾದ್ದರಿಂದ ಪದಗಳನ್ನು ಜನ ಕಾಪಾಡಿಕೊಂಡರು. ಗಡಿ ಎಂದೊಡನೆ ಕುಪ್ವಾಡವನ್ನು ಉದಾಹರಿಸಿ ಮುಗಿಸುವುದು ವಾಡಿಕೆ. ಆದರೆ ಮೇಲಿನ ಉದಾಹರಣೆಗಳ ಮಟ್ಟಿಗೆ ನಾರಾಯಣಪೇಟೆ ಸೀಮೆಯ ಅಡುಗೆಮನೆ ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಿದೆ. ಇಲ್ಲಿ ತರಕಾರಿಯ ಹೆಸರು ಓಣಿ ದಾಟುತ್ತದೆ; ಸರ್ವನಾಮವೂ ಕ್ರಿಯಾಪ್ರತ್ಯಯವೂ ಹೊಸ್ತಿಲು ದಾಟುವುದಿಲ್ಲ. ಸಂತೆಯಲ್ಲಿ ಕೊಳ್ಳುವ ವಸ್ತುವಿನ ಹೆಸರು ಸಂತೆಯ ಭಾಷೆಯನ್ನು ಅನುಸರಿಸುವುದು ಸಹಜ, ಮತ್ತು ಆ ಸಂತೆ ಎರಡೂ ಭಾಷೆಗಳದು.

ಇನ್ನು ಮಾತಿನ ಉದ್ದೇಶದ ಪ್ರಶ್ನೆ. ‘ಏನು ಪಲ್ಯ?’, ‘ಏಂ ಕೂರ?’ ಎಂಬವು ಎರಡೂ ಭಾಷೆಗಳಲ್ಲಿ ಕುಶಲ ಕೇಳುವ ಮಾತುಗಳು. ಮಾನವಶಾಸ್ತ್ರಜ್ಞ ಮಾಲಿನೊವ್‌ಸ್ಕಿ 1923ರಲ್ಲಿ, ಸುದ್ದಿ ತಿಳಿಸುವುದಕ್ಕಲ್ಲದೆ ನಂಟನ್ನು ಉಳಿಸಿಕೊಳ್ಳುವುದಕ್ಕಾಗಿ ಆಡುವ ಇಂಥ ಮಾತನ್ನು ಒಂದು ಪ್ರತ್ಯೇಕ ಬಗೆಯಾಗಿ ಗುರುತಿಸಿದ. ಕೇಳುವವಳಿಗೆ ಪಲ್ಯದ ಹೆಸರು ಬೇಕಿಲ್ಲ ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ಉತ್ತರ ಎಂದೂ ಖಾಲಿಯಾಗಿರುವುದಿಲ್ಲ. “ಪಲ್ಯ ಏನಿಲ್ಲ, ಬರೇ ಹಿಂಡಿ” ಎಂಬ ಉತ್ತರದಲ್ಲಿ ಸಂತೆಗೆ ಹೋಗಲಾಗದ್ದು, ಕೈಯಲ್ಲಿ ದುಡ್ಡಿಲ್ಲದ್ದು, ಹೊಲದಿಂದ ತಡವಾಗಿ ಬಂದದ್ದು, ಯಾವುದೂ ಇರಬಹುದು. ನಾರಾಯಣಪೇಟೆ, ಗದ್ವಾಲಗಳು ಸೀರೆ ನೇಯುವ ಊರುಗಳು. ಮಗ್ಗದ ಮನೆಯಲ್ಲಿ ಸೀರೆ ಮುಗಿಸುವ ಅವಸರವಿದ್ದ ದಿನ ಅಡುಗೆ ಚಿಕ್ಕದಾಗುತ್ತದೆ. “ಒಲಿ ಹಚ್ಚಿಲ್ಲ” ಎಂದರೆ ನೆರೆಯವಳು ಮುಂದೆ ಪ್ರಶ್ನೆ ಕೇಳುವುದಿಲ್ಲ, ಒಳಗೆ ಬರುತ್ತಾಳೆ. ಕಷ್ಟವನ್ನು ಬಾಯಿಬಿಟ್ಟು ಹೇಳದೆ ತಿಳಿಸಲು ಇರುವ ದಾರಿ ಈ ಪಲ್ಯದ ಮಾತು. ಕೇಳುವವಳು ತೆಲುಗಿನವಳೆಂಬ ಕಾರಣಕ್ಕೆ ಆ ಅರ್ಥ ಕಳೆದುಹೋಗುವುದಿಲ್ಲ.

ಇಂಥ ಮಾತಿಗೆ ದಾಖಲೆಗಳಲ್ಲಿ ಜಾಗವಿಲ್ಲ. ಜನಗಣತಿ ಪ್ರತಿಯೊಬ್ಬರಿಗೂ ಒಂದು ಮಾತೃಭಾಷೆಯನ್ನು, ಜೊತೆಗೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆದುಕೊಳ್ಳುತ್ತದೆ. ಯಾರೊಡನೆ ಯಾವುದನ್ನು ಆಡುತ್ತಾರೆಂದು ಕೇಳುವುದಿಲ್ಲ. ನಾರಾಯಣಪೇಟೆ ಜಿಲ್ಲೆಯ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಅದು ದೊಡ್ಡ ಆಸರೆ. ಆದರೆ ‘ಉಳ್ಳಾಗಡ್ಡಿ’ ಎಂದು ಬರೆದ ಮಗುವಿನ ಉತ್ತರವನ್ನು ‘ಈರುಳ್ಳಿ’ ಎಂದು ತಿದ್ದಿದರೆ, ಆ ಮಗು ತನ್ನ ಮನೆಯ ಕನ್ನಡ ತಪ್ಪು ಕನ್ನಡವೆಂದು ಕಲಿಯುತ್ತದೆ. ತೆಲುಗು ಶಾಲೆಗೆ ಹೋಗುವ ಮಗುವಿಗಂತೂ ಅಜ್ಜಿಯ ಅಡುಗೆಮನೆಯೇ ಕನ್ನಡದ ಏಕೈಕ ಪಾಠಶಾಲೆ. ಅಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ತೆಲುಗಿನಲ್ಲಿ ಉತ್ತರಿಸತೊಡಗಿದರೆ, ಮೊದಲು ಹೋಗುವುದು ತರಕಾರಿಯ ಹೆಸರುಗಳಲ್ಲ. ಅವು ತೆಲುಗಿನಲ್ಲಿಯೂ ಉಳಿಯುತ್ತವೆ. ಹೋಗುವುದು ‘ಮಾಡ್ಯಾಳ’, ‘ಕುಡದದ’, ‘ಹೋಗೂಣು’ಗಳು.

ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು ಬರಿಯ ಪದಪಟ್ಟಿ ತಯಾರಿಸಿದರೆ ಸಾಲದು. ಕ್ರಿಯಾಪದದೊಡನೆ ಪೂರ್ಣ ವಾಕ್ಯವನ್ನು ಬರೆದುಕೊಳ್ಳಬೇಕು. ಯಾರು ಕೇಳಿದರು, ಯಾರು ಉತ್ತರಿಸಿದರು, ವಯಸ್ಸಿನ ಅಂತರವೇನು, ಯಾವ ಮಾತಿನಲ್ಲಿ ಭಾಷೆ ಬದಲಾಯಿತು ಎಂಬುದನ್ನೂ ಗುರುತಿಸಬೇಕು. ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕು, ಹೆಸರುಗಳನ್ನು ದಾಖಲಿಸಬಾರದು. ಗಮನಿಸುತ್ತಿದ್ದಾರೆಂದು ಗೊತ್ತಾದೊಡನೆ ಮಾತು ಬದಲಾಗುತ್ತದೆಂಬ ತೊಡಕನ್ನು ವಿಲಿಯಂ ಲಬೋವ್ ವಿವರಿಸಿದ್ದಾನೆ. ‘ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ?’ ಎಂದು ಕೇಳಿದರೆ ಗೃಹಿಣಿ ಶಾಲೆಯ ಪದವನ್ನು ಹುಡುಕಿ ‘ಈರುಳ್ಳಿ’ ಎಂದಾಳು. ಸೊಪ್ಪು ಬಿಡಿಸುವ ಕೆಲಸದಲ್ಲಿ ಕೈಗೂಡಿಸಿ ಕುಳಿತು, ‘ಇವತ್ತೇನು ಪಲ್ಯ, ಅಕ್ಕಾ?’ ಎಂದರೆ ಉಳ್ಳಾಗಡ್ಡಿ ತಾನಾಗಿಯೇ ಬರುತ್ತದೆ.